ಅಧ್ಯಕ್ಷರು ಕಟ್ಟಿಸಿದ ಶೌಚಾಲಯ

ಪುರಸಭೆ ಆಫೀಸಲ್ಲಿ ಕೆಲಸ ಮಾಡೋರು ತಮಾಷೆ ಹುಡುಕ್ಕೊಂಡು ಎಲ್ಲಿಗೂ ಹೋಗ್ಬೇಕಾಗಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಅದೇ ಒಂದು ಅರ್ಜಿ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತಿರುತ್ತೆ. ಹೊಸೂರು ರಸ್ತೆ ಪಕ್ಕದ ನಮ್ಮ ಪುರಸಭೆಯಲ್ಲಿ ನಾನು ಕ್ಲರ್ಕ್ ಆಗಿ ಎಷ್ಟೋ ಅಧ್ಯಕ್ಷರನ್ನ ನೋಡಿದೀನಿ. ಕೆಲವರ ಹೆಸರು ಗೋಡೆ ಮೇಲಿನ ಬೋರ್ಡು ನೋಡಿದ್ರಷ್ಟೇ ನೆನಪಾಗೋದು. ಒಬ್ಬರನ್ನ ಮಾತ್ರ ಮರೆಯೋಕಾಗಲ್ಲ. ರಾಗಿ ಬೆಳೀತಿದ್ದ ಮನುಷ್ಯ. ಹೊಲಕ್ಕೆ ಫ್ಯಾಕ್ಟರಿ ಬಂದ ಮೇಲೆ ಉಳಿದ ಜಾಗದಲ್ಲಿ ಬಾಡಿಗೆ ರೂಮು ಕಟ್ಟಿಸಿ, ಎಲೆಕ್ಷನ್‌ಗೆ ನಿಂತು ಗೆದ್ದು, ಅಧ್ಯಕ್ಷರಾದೋರು. ಹೊಲಕ್ಕೆ ಹೊರಟ ಹಾಗೇ ಬೆಳಿಗ್ಗೆ ಐದೂವರೆಗೆ ಮೊಪೆಡ್ ಹತ್ತಿ ಊರು ಸುತ್ತೋರು. ಈಗ ರಿಟೈರ್ ಆಗಿ ಮನೇಲಿ ಕೂತಾಗ ನನಗೆ ಅವರ ಕಾಲದ್ದೇ ನೆನಪು ಜಾಸ್ತಿ. ಅದರಲ್ಲೂ ಆ ಶೌಚಾಲಯದ್ದು.

೧. ಡ್ರಾಯರಲ್ಲಿದ್ದ ಬೀಗದ ಕೈ

ಒಂದಿನ ಮಧ್ಯಾಹ್ನ ಗಾರ್ಮೆಂಟ್ಸ್ ಕೆಲಸದ ಹೆಂಗಸೊಬ್ಬಳು ನನ್ನ ಟೇಬಲ್ ಹತ್ರ ಬಗ್ಗಿ, "ಮೇಡಂ, ಟಾಯ್ಲೆಟ್ಟಿಗೆ ಹೋಗ್ಬೇಕಿತ್ತು" ಅಂದ್ಲು. ಎದುರಿನ ಬಸ್‌ಸ್ಟಾಪಲ್ಲಿ ಒಂದು ಗಂಟೆಯಿಂದ ನಿಂತಿದ್ದಳಂತೆ. ನಮ್ಮ ಆಫೀಸಿಗಿದ್ದಿದ್ದು ಒಂದೇ ಟಾಯ್ಲೆಟ್, ಅದಕ್ಕೊಂದು ಬೀಗ, ಬೀಗದ ಕೈ ಮ್ಯಾನೇಜರ್ ಡ್ರಾಯರಲ್ಲಿ. ಮ್ಯಾನೇಜರ್ ಊಟಕ್ಕೆ ಹೋಗಿದ್ರು. ಪಾಪ, ಆಕೆ ತಲೆ ತಗ್ಗಿಸಿ ವಾಪಸ್ ಹೊರಟಾಗ ಬಾಗಿಲಲ್ಲಿ ಅಧ್ಯಕ್ಷರು ಎದುರಾದ್ರು. ಏನಂತ ನನ್ನನ್ನ ಕೇಳಿದ್ರು, ಹೇಳಿದೆ. ಜವಾನನ್ನ ಕರೆದು ಅಲ್ಲೇ ಬೀಗ ಒಡೆಸಿದ್ರು.

ಆಮೇಲೆ ನನ್ನ ಮುಂದೆ ಕೂತು, "ನಾನು ಕುರ್ಚಿ ಬಿಡಾಕೆ ಇನ್ನ ಎಂಟು ತಿಂಗ್ಳದೆ ಮೇಡಂ. ಅಷ್ಟ್ರೊಳಗೆ ಬಸ್‌ಸ್ಟಾಪ್ ತಾವ ಎಣ್ಮಕ್ಕಳಿಗೆ ಒಂದು ಶೌಚಾಲಯ ಕಟ್ಸಿಲ್ಲ ಅಂದ್ರೆ ನಾನು ಅಧ್ಯಕ್ಷ ಆಗಿದ್ದೇ ದಂಡ" ಅಂದ್ರು. ನನಗೂ ನಾಚಿಕೆ ಆಯ್ತು, ಅಷ್ಟು ವರ್ಷದಿಂದ ಆ ಬೀಗ ನೋಡ್ಕೊಂಡೇ ಇದ್ದವಳಲ್ವಾ ನಾನು.

ಮಾರನೇ ದಿನದಿಂದ ಬಸ್‌ಸ್ಟಾಪಿನ ಹೆಂಗಸರೆಲ್ಲ ನಮ್ಮ ಆಫೀಸಲ್ಲಿ ಲೈನು. ಮ್ಯಾನೇಜರ್ ಎಂದಿನ ಗತ್ತಲ್ಲಿ ನೇರವಾಗಿ ಬಾಗಿಲಿಗೆ ಕೈ ಹಾಕಿದ್ರೆ, ಹಿಂದಿನಿಂದ ಒಬ್ಬಳು, "ಅಣ್ಣ, ಲೈನಲ್ಲಿ ಬನ್ನಿ. ಇದು ಸರ್ಕಾರಿ ಆಫೀಸು, ನಿಮ್ಮಿಷ್ಟಕ್ಕೆ ನುಗ್ಗಂಗಿಲ್ಲ" ಅಂದ್ಲು.

೨. ಎಲ್ಲರ ಈಶಾನ್ಯ

ಜಾಗ ಹುಡುಕೋಕೆ ಶುರು ಮಾಡಿದ್ವಿ. ಊರಲ್ಲಿ ಶೌಚಾಲಯ ಬೇಡ ಅಂದೋರು ಒಬ್ಬರೂ ಇಲ್ಲ. "ಒಳ್ಳೆ ಕೆಲಸ ಅಣ್ಣ, ಬೇಗ ಮಾಡಿ. ನಮ್ಮ ಪಕ್ಕ ಮಾತ್ರ ಬೇಡ" ಅನ್ನೋರೇ ಎಲ್ಲ. ಬೇಕರಿ ಪಕ್ಕ ಗುದ್ದಲಿ ಪೂಜೆ ಮಾಡಿದ್ವಿ. ಬೇಕರಿಯವನು, "ಬನ್ ತಿನ್ನೋ ಗಿರಾಕಿ ಯಾವ ಕಡೆ ನೋಡ್ಕೊಂಡು ತಿನ್ಬೇಕು ಸಾರ್?" ಅಂತ ಅಡ್ಡ ನಿಂತ. ಸ್ವಲ್ಪ ಆಚೆ ಹೋಗಿ ಇನ್ನೊಂದು ತೆಂಗಿನಕಾಯಿ ಒಡೆದ್ವಿ. ಅಲ್ಲಿ ಒಬ್ಬ ಮನೆ ಯಜಮಾನರು ಬಂದು, ಮೊಬೈಲಲ್ಲಿ ದಿಕ್ಕು ತೋರಿಸಿ, "ನೋಡಿ, ಇದು ನಮ್ಮನೆಗೆ ಈಶಾನ್ಯಕ್ಕೆ ಬರುತ್ತೆ. ಈಶಾನ್ಯದಲ್ಲಿ ಶೌಚಾಲಯ ಬಂದ್ರೆ ನಾವು ಉದ್ಧಾರ ಆಗ್ತೀವಾ?" ಅಂದ್ರು. ಹತ್ತು ಮಾರು ಸರಿದು ಮೂರನೇ ಪೂಜೆ ಮಾಡಿದ್ರೆ, ಅದು ಪಕ್ಕದ ಮನೆಯೋರ ಈಶಾನ್ಯ. ಅವರ ಹತ್ರಾನೂ ಮೊಬೈಲ್ ಇತ್ತು.

ಐದು ತಿಂಗಳು ಹೀಗೇ ಹೋಯ್ತು. ಪುರೋಹಿತರು ಗುದ್ದಲಿಗೆ ಹಚ್ಚಿದ ಅರಿಶಿನ ಕುಂಕುಮ ಒರೆಸ್ತಿದ್ದವರು ಕೈ ನಿಲ್ಲಿಸಿ, "ಇದನ್ನ ಹಿಂಗೇ ಬಿಡ್ಲಾ ಅಧ್ಯಕ್ಷರೆ? ಮುಂದಿನ ವಾರಕ್ಕೂ ಆಗುತ್ತೆ" ಅಂದ್ರು. ಅಧ್ಯಕ್ಷರು ರಸ್ತೇಲಿ ನಿಂತು ನಾಲ್ಕೂ ಕಡೆ ನೋಡಿ, "ನಮ್ಮೂರಾಗೆ ಎಲ್ ನಿಂತ್ರೂ ಯಾರ್ದೋ ಒಬ್ಬರ ಈಶಾನ್ಯನೇ ಕಣ್ರೀ" ಅಂದ್ರು.

೩. ಅರ್ಜಿದಾರರು

ಕೊನೆಗೆ ಬಸ್‌ಸ್ಟಾಪಿನ ಹಿಂದೆ ಇದ್ದ ತಮ್ಮ ಸ್ವಂತ ಸೈಟಿನಲ್ಲೇ ಒಂದು ಮೂಲೆಯನ್ನ ಪುರಸಭೆಗೆ ದಾನಪತ್ರ ಮಾಡಿ ಕೊಡ್ತೀನಿ ಅಂದ್ರು. ಅಲ್ಲಿ ನಾಲ್ಕು ಅಂಗಡಿ ಕಟ್ಟಿಸ್ಬೇಕು ಅಂತ ಅವರ ಹೆಂಡತಿ ಆಸೆ ಇಟ್ಕೊಂಡಿದ್ರು. ಸಾರ್ವಜನಿಕರ ಆಕ್ಷೇಪಣೆ ಇದ್ರೆ ಹದಿನೈದು ದಿನದೊಳಗೆ ಸಲ್ಲಿಸಿ ಅಂತ ನೋಟಿಸ್ ಹಾಕಿದ್ವಿ. ಒಂದೇ ಒಂದು ಅರ್ಜಿ ಬಂತು, ಅದೂ ಅಧ್ಯಕ್ಷರ ಹೆಂಡತೀದು. ಆ ಯಮ್ಮ ಖುದ್ದು ಬಂದು, ನನ್ನ ಹತ್ರ ಸೀಲು ಹಾಕಿಸಿಕೊಂಡು, ಸ್ವೀಕೃತಿ ಚೀಟಿ ಇಸ್ಕೊಂಡು, ಬೆಂಚಿನ ಮೇಲೆ ಕೂತ್ರು.

ಒಳಗೆ ಮೀಟಿಂಗು. ಒಂದೂವರೆ ಗಂಟೆ ಕಾದ್ರು. ಮಧ್ಯೆ ಅವರಿಗೂ ಅವಸರ ಆಗಿ ಟಾಯ್ಲೆಟ್ ಲೈನಲ್ಲಿ ನಿಂತ್ರು. ಮುಂದಿದ್ದ ಹುಡುಗಿ, "ಆಂಟಿ, ನೀವು ಮುಂದೆ ಹೋಗಿ. ನನಗೆ ಅಭ್ಯಾಸ ಆಗೋಗಿದೆ. ಬಸ್ಸಲ್ಲಿ ಕಷ್ಟ ಆಗುತ್ತೆ ಅಂತ ಮಧ್ಯಾಹ್ನದಿಂದ ನೀರೇ ಕುಡಿಯಲ್ಲ" ಅಂದ್ಲು. ಆ ಯಮ್ಮ ಆ ಹುಡುಗಿಯನ್ನೇ ಮೊದಲು ಒಳಗೆ ಕಳಿಸಿದ್ರು.

ಅಧ್ಯಕ್ಷರು ಒಳಗೆ ಕರೆಸಿ, ಎಲ್ಲರ ಮುಂದೆ ಗಂಭೀರವಾಗಿ, "ಅರ್ಜಿದಾರರು ಏನ್ ಯೇಳ್ತೀರಾ?" ಅಂದ್ರು.

"ಮನೇಲಿ ಮಾತಾಡುದ್ರೆ ಆಫೀಸ್‌ಗೆ ಬಂದು ಯೇಳು ಅಂತೀರಾ. ಅದ್ಕೆ ಬಂದಿವ್ನಿ," ಅಂದ್ರು ಆ ಯಮ್ಮ. "ಈಗ ಆ ಅರ್ಜಿ ಅರದಾಕಿ. ಆದ್ರೆ ದಿನಾ ಬೆಳಿಗ್ಗೆ ಅಲ್ಲಿ ಕ್ಲೀನ್ ಆಗದಾ ಇಲ್ವಾ ಅಂತ ನೀವೇ ಓಗಿ ನೋಡ್ಬೇಕು. ನಮ್ಮನೆ ಬಚ್ಚಲು ಒಂದಿನಾನಾದ್ರೂ ನೋಡಿದೀರಾ?"

ಕೌನ್ಸಿಲರ್‌ಗಳೆಲ್ಲ ತಲೆ ಬಗ್ಗಿಸಿ ಫೈಲು ಓದೋಕೆ ಶುರು ಮಾಡಿದ್ರು. ಅವತ್ತಿನ ನಡಾವಳಿಯಲ್ಲಿ ನಾನು, "ಅಧ್ಯಕ್ಷರು ಉತ್ತರಿಸಲಿಲ್ಲ" ಅಂತ ಬರೆದೆ.

೪. ಉದ್ಘಾಟನೆ

ಅವಧಿ ಮುಗಿಯೋಕೆ ಐದು ದಿನ ಇದ್ದಾಗ ಕಟ್ಟಡ ಮುಗೀತು. ಶಾಮಿಯಾನ, ಓಲಗ, ಬಾಗಿಲಿಗೆ ಅಡ್ಡ ಕೆಂಪು ರಿಬ್ಬನ್. ಅಧ್ಯಕ್ಷರು ರೇಷ್ಮೆ ಪಂಚೆ ಉಟ್ಟಿದ್ರು. ಶಾಸಕರು ಹತ್ತಕ್ಕೆ ಬರ್ತೀನಿ ಅಂದೋರು ಹನ್ನೆರಡಾದ್ರೂ ಇಲ್ಲ. ಬಾಗಿಲು ತೆಗೆದ ತಕ್ಷಣ ಊದಬೇಕು, ಹೂವು ಹಾಕಬೇಕು ಅಂತ ನಾನೇ ಎಲ್ಲರಿಗೂ ಹೇಳಿಟ್ಟಿದ್ದೆ.

ಅಷ್ಟರಲ್ಲಿ ರಾಯಚೂರು ಕಡೆಯ ಗಾರೆ ಕೆಲಸದ ಹೆಂಗಸೊಬ್ಬಳು ಬಂದು ರಿಬ್ಬನ್ ಮುಟ್ಟಿ ನೋಡಿದಳು. "ಇದು ಯಾವಾಗ ಬಿಚ್ಚತಾರ್ರಿ ಅಕ್ಕಾರ?"

"ಶಾಸಕರು ಬರ್ಬೇಕಮ್ಮ."

"ಅವರು ಬರೂತನ ನಾ ಹೆಂಗ ತಡಕೊಳ್ಳಲಿ?" ಅಂತ ಬಗ್ಗಿ ರಿಬ್ಬನ್ ಕೆಳಗೆ ನುಸುಳಿ ಒಳಗಿಂದ ಚಿಲಕ ಹಾಕ್ಕೊಂಡ್ಲು. ಆಗಲೇ ಶಾಸಕರ ಕಾರು ಬಂತು.

ತಟ್ಟೆಯಿಂದ ಕತ್ತರಿ ತಗೊಂಡು ಶಾಸಕರು ಬಾಗಿಲ ಮುಂದೆ ಬಂದ್ರು. ಅಧ್ಯಕ್ಷರು ಕೈ ಮುಗಿದು, "ಒಸಿ ತಡೀರಿ ಸಾರ್, ಒಳಗೆ ಜನ ಅವ್ರೆ" ಅಂದ್ರು. ಶಾಸಕರು ಕತ್ತರಿ ಹಿಡ್ಕೊಂಡು ನಿಂತ್ರು. ಇಡೀ ಊರು ನಿಂತಿತ್ತು. ಚಿಲಕ ತೆಗೆದ ಸದ್ದಾಯ್ತು, ಬಾಗಿಲು ತೆರೀತು, ಓಲಗ ಶುರುವಾಯ್ತು, ಹೂವಿನ ಎಸಳೆಲ್ಲ ಆಕೆ ತಲೆ ಮೇಲೆ ಬಿತ್ತು. ಆಕೆ ಗಾಬರಿ ಬೀಳಲಿಲ್ಲ. ಸೆರಗಲ್ಲಿ ಮುಖ ಒರೆಸ್ಕೊಂಡು, "ಹೂವು ಆಮ್ಯಾಲ ಹಾಕೀರಂತ. ಒಳಗ ನಳದಾಗ ನೀರ ಬರವಲ್ದು, ಮೊದಲ ಅದನ್ನ ನೋಡ್ರಿ" ಅಂದ್ಲು.

ಶಾಸಕರು ಹೊಟ್ಟೆ ಹಿಡ್ಕೊಂಡು ನಕ್ಕರು, ರಿಬ್ಬನ್ ಕತ್ತರಿಸಿದ್ರು, ನಿಮ್ಮ ಅಧ್ಯಕ್ಷರಂಥೋರು ಸಿಗಲ್ಲ ಅಂತ ಹಾರ ಹಾಕೋಕೆ ಪಕ್ಕಕ್ಕೆ ತಿರುಗಿದ್ರು. ಅಲ್ಲಿ ಅಧ್ಯಕ್ಷರಿಲ್ಲ.

ಆ ಫೋಟೋ ಈಗಲೂ ನನ್ನ ಹತ್ರ ಇದೆ. ಮಧ್ಯದಲ್ಲಿ ಶಾಸಕರು, ಕೈಯಲ್ಲಿ ಹಾರ. ಮೂಲೆಯಲ್ಲಿ ನೀರಿನ ಟ್ಯಾಂಕಿಗೆ ಒರಗಿಸಿದ ಏಣಿ, ಏಣಿ ಮೇಲೆ ರೇಷ್ಮೆ ಪಂಚೆ ಎತ್ತಿ ಕಟ್ಟಿದ ಎರಡು ಕಾಲು. ಮನೆಗೆ ಬಂದೋರು ಇದು ಯಾರು ಅಂತ ಕೇಳ್ತಾರೆ. ಅಧ್ಯಕ್ಷರು ಅಂದ್ರೆ ಎಲ್ಲರೂ ಹಾರ ಹಿಡಿದೋರನ್ನೇ ನೋಡ್ತಾರೆ. ನಾನು ಬೆರಳಿಟ್ಟು ಆ ಕಾಲು ತೋರಿಸ್ತೀನಿ.