ಯಾರು ಮುಟ್ಟಿದ್ದು?

ಹೆಡ್ಮಾಸ್ತರಿಗೆ ಮೂಗಿನ ತುದಿಯಲ್ಲಿ ಕೋಪ ಎಂದು ಜನ ಆಡಿಕೊಳ್ಳುವುದು ಶುದ್ಧ ಸುಳ್ಳು. ಮೂಗಿನ ತುದಿಯಲ್ಲಿದ್ದಿದ್ದರೆ ಒಂದು ಸೀನಿಗೆ ಹಾರಿಹೋಗುತ್ತಿತ್ತು. ಅವರದು ನೆತ್ತಿಯಿಂದ ಹಿಮ್ಮಡಿಯವರೆಗೆ ಭರ್ತಿಯಾದ ಕೋಪ. ಅದು ಹೊರಗೆ ಬರುತ್ತಿದ್ದದ್ದು ಮಾತ್ರ ಎರಡೇ ಪದಗಳಲ್ಲಿ: "ಯಾರು ಮುಟ್ಟಿದ್ದು?"

ಮನೆಯಲ್ಲಿ ಮೇಜಿನ ಮೇಲಿನ ಪೆನ್ನು ಬೆರಳಗಲ ಸರಿದಿದ್ದರೆ "ಯಾರು ಮುಟ್ಟಿದ್ದು?" ಕನ್ನಡಕ ಇಟ್ಟ ಕಡೆ ಇಲ್ಲದಿದ್ದರೆ "ಯಾರು ಮುಟ್ಟಿದ್ದು?" (ಕನ್ನಡಕ ಮೂಗಿನ ಮೇಲೇ ಇದ್ದಾಗಲೂ ಕೇಳಿದ್ದುಂಟು.) ಶಾಲೆಯಲ್ಲೂ ಇದೇ ಮಂತ್ರ. ಆರುನೂರು ಮಕ್ಕಳು ಆ ಎರಡು ಪದಗಳಿಗೆ ತೆಪ್ಪಗಾಗುತ್ತಿದ್ದರು. ಡ್ರಿಲ್ ಮಾಸ್ತರು ಬಾಯಲ್ಲಿದ್ದ ಸೀಟಿ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಇಪ್ಪತ್ತೆರಡು ವರ್ಷ ಗಂಟಲು ಹರಿದುಕೊಂಡು ಗಳಿಸಿದ ಭಯ ಅದು. ಹೆಡ್ಮಾಸ್ತರ ಪಾಲಿಗೆ ಅದಕ್ಕಿಂತ ದೊಡ್ಡ ಆಸ್ತಿ ಬೇರೆ ಇರಲಿಲ್ಲ.

ಆ ಆಸ್ತಿ ಮಣ್ಣುಪಾಲಾದದ್ದು ಒಂದು ಸೋಮವಾರ. ಪ್ರಾರ್ಥನೆಯ ಗಂಟೆ ಹತ್ತು ನಿಮಿಷ ಮೊದಲೇ ಹೊಡೆದಿತ್ತು. ಹೆಡ್ಮಾಸ್ತರು ಉರಿಯುತ್ತಾ ವೇದಿಕೆ ಹತ್ತಿದರು.

"ಗಂಟೆ ಯಾರು ಮುಟ್ಟಿದ್ದು?"

ಆರುನೂರು ಮಕ್ಕಳೂ ದೊಪ್ಪೆಂದು ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಆಹಾ, ಶಿಸ್ತು ಅಂದರೆ ಇದಪ್ಪಾ ಎಂದು ಹೆಡ್ಮಾಸ್ತರು ಒಂದು ಗಳಿಗೆ ಬೀಗಿದ್ದೂ ನಿಜ. ಅಷ್ಟರಲ್ಲಿ ಎಲ್ಲೋ ಕಿಸಕ್ಕೆಂದಿತು. ಆಮೇಲೆ ಇಡೀ ಮೈದಾನ ಹೊಟ್ಟೆ ಹಿಡಿದುಕೊಂಡು ನಗತೊಡಗಿತು. ಡ್ರಿಲ್ ಮಾಸ್ತರು ಗೋಡೆಯ ಕಡೆ ತಿರುಗಿಕೊಂಡಿದ್ದರು, ಅವರ ಹೆಗಲುಗಳು ಕುಣಿಯುತ್ತಿದ್ದವು.

ಹೆಡ್ಮಾಸ್ತರು ಮುಂದಿನ ಸಾಲಿನ ಐದನೇ ಕ್ಲಾಸಿನ ಹುಡುಗಿಯನ್ನು ಕರೆದು ಗದರಿದರು. "ಯಾಕೆ ಕೂತೆ?"

"ಕೂತ್ಕೊಳ್ದಿದ್ರೆ ಮುಳ್ಳು ಚುಚ್ಚುತ್ತೆ ಸಾರ್."

"ಯಾವ ಮುಳ್ಳು?"

"ನಿಮ್ದೇ ಸಾರ್. ಗೇಮಲ್ಲಿ ನೀವು ಮುಳ್ಳುಹಂದಿ ಅಲ್ವಾ?"

ವಿಷಯ ಇಷ್ಟು. ಹೆಡ್ಮಾಸ್ತರ ಹೆಂಡತಿ ಮತ್ತು ದಿನಾ ಬಂದುಹೋಗುವ ಆಕೆಯ ತಂಗಿ ಒಂದು ವರ್ಷದಿಂದ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ವಿಡಿಯೋ ಗೇಮ್ ಮಾಡುತ್ತಿದ್ದರು. ಕಂಪನಿ ಇಲ್ಲ, ಕಚೇರಿ ಇಲ್ಲ, ಇಬ್ಬರೇ. ತಂಗಿ ಚಿತ್ರ ಬರೆದು ಕಂಪ್ಯೂಟರಿನಲ್ಲಿ ಓಡಿಸುವವಳು, ಅಕ್ಕ ಸದ್ದು ಮಾಡುವವಳು. ಬಕೆಟ್ಟಿಗೆ ನೀರು ಸುರಿದರೆ ಹೊಳೆ, ಕಾಗದ ಮುದುರಿದರೆ ಒಣಗಿದೆಲೆ. ಕಥೆ ಒಂದು ಮುಳ್ಳುಹಂದಿಯದು. ಅದರ ಬಿಲವನ್ನು ಯಾರೋ ಕೆದಕಿ ಹಾಕಿದ್ದಾರೆ, ಯಾರೆಂದು ಹುಡುಕಿಕೊಂಡು ಅದು ಕಾಡೆಲ್ಲ ಅಲೆಯಬೇಕು. ಒಂದು ಬಟನ್ ಒತ್ತಿದರೆ ಮುಳ್ಳು ನಿಮಿರಿಸಿ ಗುಡುಗುತ್ತದೆ, ನರಿಗಳು ಕಿವಿ ಮುಚ್ಚಿ ಕೂರುತ್ತವೆ. ಆ ಗುಡುಗು ಯಾರದೆಂದು ಬೇರೆ ಹೇಳಬೇಕೇ? ಮನೆಯ ತುಂಬ ಕಪ್ಪು ಬದನೆಕಾಯಿಯಂತಹ ಮೈಕುಗಳು ಬಿದ್ದಿರುತ್ತಿದ್ದವು. "ಈ ಬದನೆಕಾಯಿ ಯಾರು ಮುಟ್ಟಿದ್ದು?" ಎಂದು ಪುಣ್ಯಾತ್ಮರು ಅವಕ್ಕೇ ಬಗ್ಗಿ ಕೂಗಿದ್ದರು. ಹೋದ ವಾರ ಗೇಮು ಹೊರಬಂದು ಮಕ್ಕಳ ಮನೆಯ ಫೋನುಗಳಿಗೆಲ್ಲ ಇಳಿದಿತ್ತು.

ಆ ದಿನ ಸಂಜೆ ಚಪ್ಪಲಿ ಬಿಡುವ ಮೊದಲೇ ಶುರುವಾಯಿತು. "ಕಟ್ಕೊಂಡ ಗಂಡನ್ನ ಮುಳ್ಳುಹಂದಿ ಮಾಡಿದೀಯಲ್ಲೇ!"

"ನಾನೆಲ್ಲಿ ಮಾಡ್ದೆ ರೀ? ಬರೀ ಧ್ವನಿ ತಗೊಂಡೆ."

"ಹೇಳದೆ ಕೇಳದೆ!"

"ಕೇಳಿದ್ನಲ್ಲ! ನಿಮ್ಮ ಕೂಗಾಟ ಸ್ವಲ್ಪ ತಗೊಳ್ಲಾ ಅಂದೆ. ತಗೊಂಡು ಹಾಳಾಗ್ಹೋಗು ಅಂದ್ರಿ. ಪೇಪರ್ ಓದ್ತಿದ್ರಿ."

ತಂಗಿ ಸಮಾಧಾನಕ್ಕೆ ಬಂದಳು. "ಮೊದ್ಲು ಸಿಂಹಕ್ಕೇ ಹಾಕಿ ನೋಡಿದ್ವಿ ಭಾವ. ಹೊಂದಲಿಲ್ಲ. ಆಡಿದವರೆಲ್ಲ ಏನ್ ಬರೀತಾರೆ ಗೊತ್ತಾ? ಪಾಪ, ಈ ಮುಳ್ಳುಹಂದಿ ಒಳಗೆ ತುಂಬಾ ಮೆತ್ತಗೆ ಅಂತ."

"ನಾನು ಮೆತ್ತಗಿಲ್ಲ!" ಕಿಟಕಿಯ ಗಾಜು ಅದುರಿತು. "ಯಾರನ್ನ ಕೇಳಿ ನನ್ನ ಮಾತು ಮುಟ್ಟಿದ್ದು? ಯಾರು ಮುಟ್ಟಿದ್ದು?"

ಹೆಂಡತಿಗೆ ಅಲ್ಲಿಯವರೆಗೆ ಇದ್ದ ತಾಳ್ಮೆ ಅಲ್ಲಿಗೆ ಮುಗಿಯಿತು. "ನಾನು ರೀ, ಇನ್ಯಾರು? ಇಪ್ಪತ್ತೆರಡು ವರ್ಷದಿಂದ ಯಾರು ಯಾರು ಅಂತ ಕೇಳ್ತಾನೇ ಇದೀರಲ್ಲ, ಈ ಮನೇಲಿ ನನ್ನ ಬಿಟ್ರೆ ಇನ್ಯಾರಿದಾರೆ ಮುಟ್ಟೋಕೆ? ನನ್ನ ಮನೇಲಿ ಒಂದು ಪೆನ್ನು ಎತ್ತಿಡೋಕೂ ಹೆದರ್ಕೊಂಡು ಬದುಕಿದೀನಿ. ಆ ಕಿರುಚಾಟಾನ ಒಂದು ಕೆಲಸಕ್ಕೆ ಹಚ್ಚಿದ್ರೆ ಅದೂ ತಪ್ಪಾ?"

ವಾದದಲ್ಲಿ ಸೋತಾಗಲೆಲ್ಲ ಹೆಡ್ಮಾಸ್ತರು ಆಜ್ಞೆ ಹೊರಡಿಸುತ್ತಿದ್ದರು. "ತೆಗೀರಿ! ಒಂದು ಚೂರೂ ಉಳೀಬಾರದು!" ಎಂದು ಕುರ್ಚಿ ಹಾಕಿಕೊಂಡು ಕೂತು, ತಮ್ಮ ಧ್ವನಿಯ ಒಂದೊಂದು ತುಣುಕನ್ನೂ ಕಣ್ಣೆದುರಿಗೇ ಅಳಿಸಿಹಾಕಿಸಿದರು. ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಎದ್ದು ಊಟಕ್ಕೆ ಹೋದರು. (ಅವರೇ ಬಡಿಸಿಕೊಂಡರು.)

ಮುಂದಿನ ಸೋಮವಾರ ಮೈದಾನದಲ್ಲಿ ಮತ್ತೆ ಗಲಾಟೆ. ಹೆಡ್ಮಾಸ್ತರು ಎದೆ ಸೆಟೆಸಿ ನಿಂತು, "ಮೈಕ್ ಯಾರು ಮುಟ್ಟಿದ್ದು?" ಎಂದು ಅಬ್ಬರಿಸಿದರು. ಒಂದು ನರಪಿಳ್ಳೆಯೂ ತಿರುಗಿ ನೋಡಲಿಲ್ಲ. ಆಗ ಹಿಂದಿನಿಂದ ಡ್ರಿಲ್ ಮಾಸ್ತರು, ಆರಾಮಾಗಿ, ಉಗುರು ನೋಡಿಕೊಳ್ಳುತ್ತಾ, "ಯಾರು ಮುಟ್ಟಿದ್ದು?" ಎಂದರು. ಆರುನೂರು ಮಕ್ಕಳೂ ದೊಪ್ಪೆಂದು ಕೂತರು.

"ಈಗ ಡ್ರಿಲ್ ಸಾರೇ ಮುಳ್ಳುಹಂದಿ," ಎಂದು ಐದನೇ ಕ್ಲಾಸಿನ ಹುಡುಗಿ ಕಿವಿ ಮುಚ್ಚಿಕೊಂಡೇ ತಿಳಿಸಿದಳು.

"ನಿಮ್ಮ ಮನೆಯವರೇ ಫೋನ್ ಮಾಡಿದ್ರು ಸಾರ್," ಎಂದು ಡ್ರಿಲ್ ಮಾಸ್ತರು ಹಲ್ಲು ಕಿರಿದರು. "ತಮಗೆ ಬೇಡವಂತಲ್ಲ."

ಹೆಡ್ಮಾಸ್ತರಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆರಡು ವರ್ಷದ ಭಯ ಒಂದೇ ವಾರದಲ್ಲಿ ಸೀಟಿ ಊದುವವನ ಜೇಬು ಸೇರಿತ್ತು. ನಾಳೆಯಿಂದ ಈ ಶಾಲೆಯಲ್ಲಿ ತಮಗೆ ಹೆದರುವವರು ಯಾರು? ಮಧ್ಯಾಹ್ನಕ್ಕೇ ರಜೆ ಹಾಕಿ ಮನೆಗೆ ನುಗ್ಗಿದರು.

"ನನ್ನ ಮುಳ್ಳುಹಂದೀನ ನನಗೆ ವಾಪಸ್ ಕೊಡಿ!"

"ಎಲ್ಲಾ ಅಳಿಸಿಬಿಟ್ರಲ್ಲ ಭಾವ," ಎಂದಳು ತಂಗಿ. "ಹೊಸದಾಗಿ ಕೂಗ್ಬೇಕು."

ಹೊರಗಿನ ಸದ್ದು ಬರಬಾರದೆಂದು ಅವರನ್ನು ಬಟ್ಟೆಯ ಬೀರುವಿನೊಳಗೆ, ಕಂಬಳಿಗಳ ನಡುವೆ ನಿಲ್ಲಿಸಿ, ಬದನೆಕಾಯಿ ಹಿಡಿಸಿ, ಬಾಗಿಲು ಹಾಕಿದರು. ಹೆಡ್ಮಾಸ್ತರು ಕೂಗಿದರು. ಮೊದಲ ಸಲ ಮದುವೆ ಮನೆಯಲ್ಲಿ ಅತಿಥಿಗಳನ್ನು ವಿಚಾರಿಸಿಕೊಂಡಂತೆ ಬಂತು. ಎರಡನೇ ಸಲ ಕೆಮ್ಮು ಬಂತು. ಏಳನೇ ಸಲ, "ಕ್ಷಮೆ ಕೇಳ್ತಿರೋ ಮುಳ್ಳುಹಂದಿ ಥರ ಇದೆ ಭಾವ" ಎಂಬ ತೀರ್ಪು ಬಂತು. ಬೇಕೆಂದಾಗ ಬರುವ ಕೋಪ ಅವರಿಗೆ ಅಭ್ಯಾಸವೇ ಇರಲಿಲ್ಲ. ಬೆವರಿನಲ್ಲಿ ತೊಯ್ದು ಇನ್ನೇನು ಅಳುವ ಹಾಗಾದರು.

ಆಗ ಹೆಂಡತಿ ಬೀರುವಿನ ಬಾಗಿಲಿಗೆ ಬಾಯಿ ಹಚ್ಚಿ ಮೆಲ್ಲಗೆ ಹೇಳಿದಳು: "ಹೇಳೋದೇ ಮರೆತೆ ರೀ. ಬೆಳಿಗ್ಗೆ ನಿಮ್ಮ ಮೇಜು ಪೂರ್ತಿ ಜೋಡಿಸಿಟ್ಟೆ. ಕಾಗದ, ಪೆನ್ನು, ಡ್ರಾಯರು, ಎಲ್ಲಾ."

ಬೀರುವಿನೊಳಗೆ ಹ್ಯಾಂಗರುಗಳು ಗಲಗಲ ಅಲ್ಲಾಡಿದವು.

"ಯಾರು ಮುಟ್ಟಿದ್ದು?"

"ನಾನು ರೀ, ಇನ್ಯಾರು?" ಎಂದಳು ಹೆಂಡತಿ.

ತಂಗಿ ಕುಣಿದಾಡಿಬಿಟ್ಟಳು. ಅಕ್ಕನ ಉತ್ತರವೂ ಅಚ್ಚುಕಟ್ಟಾಗಿ ರೆಕಾರ್ಡ್ ಆಗಿತ್ತು. ಅದನ್ನು ಕತ್ತರಿಸಲು ಅವಳಿಗೆ ಮನಸ್ಸಾಗಲಿಲ್ಲ, ನರಿಗಳ ಬಾಯಿಗೆ ಹಾಕಿದಳು. ಭಾವನಿಗೆ ಹೇಳಲು ಮರೆತಳು. (ಮರೆತದ್ದೋ, ಮರೆತಂತೆ ಮಾಡಿದ್ದೋ.)

ಮೂರನೇ ಸೋಮವಾರ ಹೆಡ್ಮಾಸ್ತರು ಹೊಸ ಶರ್ಟು ತೊಟ್ಟು ವೇದಿಕೆ ಹತ್ತಿದರು. ಡ್ರಿಲ್ ಮಾಸ್ತರ ಕಡೆ ಒಮ್ಮೆ ಗತ್ತಿನಿಂದ ನೋಡಿ, ಉಸಿರು ತುಂಬಿಕೊಂಡು, ಯಾರೂ ಏನೂ ಮುಟ್ಟಿರದಿದ್ದರೂ ಗುಡುಗಿದರು.

"ಯಾರು ಮುಟ್ಟಿದ್ದು?"

ಆರುನೂರು ಮಕ್ಕಳೂ ದೊಪ್ಪೆಂದು ಕೂತರು. ಕಿವಿ ಮುಚ್ಚಿಕೊಂಡರು. ಹೆಡ್ಮಾಸ್ತರ ಮುಖ ಅರಳಿತು. ಮರುಕ್ಷಣ ಅಷ್ಟೂ ಬಾಯಿಗಳು ಒಕ್ಕೊರಲಿನಿಂದ ಉತ್ತರಿಸಿದವು:

"ನಾನು ರೀ, ಇನ್ಯಾರು?"