ಮಿಚಿಕೊಬಾಯಿಯ ಕ್ಯಾಸೆಟ್ಟಿಗೆ ನಾನು ಮಾಡಿದ ಚಿಕಿತ್ಸೆ

ವಿಡಿಯೋ ಕ್ಯಾಸೆಟ್ಟಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ! ನಾನು ಓದಿದ್ದು ನಾಲ್ಕನೇ ಇಯತ್ತೆ, ಒಪ್ಪುತ್ತೇನೆ. ಇಂಗ್ಲಿಷಿನಲ್ಲಿ ಸಹಿ ಮಾಡಲು ಈಗಲೂ ನನಗೆ ಅರ್ಧ ಹಾಳೆ ಬೇಕು, ಅದನ್ನೂ ಒಪ್ಪುತ್ತೇನೆ. ಆದರೆ ಗದಗಿನ ಸ್ಟೇಷನ್ ರೋಡಿನಲ್ಲಿ ನಾವು ವಿಡಿಯೋ ಲೈಬ್ರರಿ ಇಟ್ಟಿದ್ದ ಕಾಲದಲ್ಲಿ ನಮ್ಮ ಯಜಮಾನರು ಮುಂದೆ ಕುರ್ಚಿ ಹಾಕಿಕೊಂಡು ಗಿರಾಕಿಗಳೊಂದಿಗೆ ಚಹಾ ಕುಡಿಯುತ್ತಿದ್ದರು. ಪರದೆಯ ಹಿಂದೆ ಕುಳಿತು ಕ್ಯಾಸೆಟ್ ಸುತ್ತಿದವಳು, ವಿಸಿಆರ್‌ನ ಹೆಡ್ ಒರೆಸಿದವಳು, ಹರಿದ ಟೇಪಿಗೆ ತೇಪೆ ಹಚ್ಚಿದವಳು ನಾನು. ಯಾರಾದರೂ "ಪ್ರಿಂಟ್ ಚಲೋ ಐತೇನ್ರಿ?" ಎಂದು ಕೇಳಿದರೆ ಯಜಮಾನರು ಪರದೆಯ ಕಡೆಗೆ ಕತ್ತು ತಿರುಗಿಸುತ್ತಿದ್ದರು. ಉತ್ತರ ಅಲ್ಲಿಂದ ಬರುತ್ತಿತ್ತು!

ಇಂಥ ನನ್ನ ಮಡಿಲಿಗೆ, ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಊರಿನ ರೊಟೊಟೂನದಲ್ಲಿರುವ ಮಗಳ ಮನೆಯಲ್ಲಿ, ಮೊಮ್ಮಗಳು ನಿಧಿ ಒಂದು ಕಪ್ಪು ಕ್ಯಾಸೆಟ್ ತಂದು ಇಟ್ಟಳು.

"ಅಜ್ಜಿ, ಯು ನೋ ದೀಸ್, ರೈಟ್?"

ನಿಧಿಗೆ ಹದಿನೇಳು ವರ್ಷ. ಇಲ್ಲಿಯೇ ಹುಟ್ಟಿದವಳು. ನಾವು ಆಡುವ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನು ಈ ಮನೆಗೆ ಬಂದಾಗಿನಿಂದ ಟಿವಿ ರಿಮೋಟು, ಮೈಕ್ರೋವೇವು, ಫೋನಿನಲ್ಲಿ ಮುಖ ನೋಡಿ ಮಾತಾಡುವುದು, ಎಲ್ಲವನ್ನೂ ಅವಳೇ ನನಗೆ ಕಲಿಸಿದ್ದಳು. ಅವಳು ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು! ಸಂತೋಷಕ್ಕೆ ಅಂದು ನನಗೆ ಊಟವೇ ಸೇರಲಿಲ್ಲ. ಎರಡೇ ಸಲ ಬಡಿಸಿಕೊಂಡೆ.

ಕ್ಯಾಸೆಟ್ಟಿನ ಕಥೆ ಹೀಗಿತ್ತು. ಸುಮಾರು ನಲವತ್ತು ವರ್ಷದ ಹಿಂದೆ ಜಪಾನಿನಲ್ಲಿ ಮಾಂಗಾ ಎಂಬ ಚಿತ್ರಕಥೆಯ ಪುಸ್ತಕಗಳನ್ನು ಮಾರಲು ಒಂದು ಉಪಾಯ ಮಾಡಿದ್ದರಂತೆ. ಪುಸ್ತಕದ ಚಿತ್ರಗಳನ್ನೇ ಓಡಾಡುವಂತೆ ಬರೆದು, ಅದಕ್ಕೆ ಹಾಡು ಜೋಡಿಸಿ, ಕ್ಯಾಸೆಟ್ ಮಾಡಿ ಬಿಡುವುದು.

"ಕಥಿ ಏನೈತಿ ಇದರಾಗ?" ಎಂದೆ.

"ನೋ ಸ್ಟೋರಿ, ಅಜ್ಜಿ. ಜಸ್ಟ್ ಸಾಂಗ್ಸ್. ಟು ಸೆಲ್ ದ ಬುಕ್."

ನನಗೆ ತಟ್ಟನೆ ಅರ್ಥವಾಯಿತು. ನಾಟಕ ಕಂಪನಿ ಊರಿಗೆ ಬಂದಾಗ ಟಾಂಗಾಕ್ಕೆ ಬಣ್ಣದ ಬೋರ್ಡು ಕಟ್ಟಿ, ಹಾಡು ಹಚ್ಚಿ, ಓಣಿ ಓಣಿ ತಿರುಗಿಸುತ್ತಿದ್ದರಲ್ಲ, ಅದೇ! ಜಪಾನಿನವರು ಟಾಂಗಾ ಬಿಟ್ಟು ಕ್ಯಾಸೆಟ್ ಹಿಡಿದಿದ್ದರು, ಅಷ್ಟೇ.

ಕ್ಯಾಸೆಟ್ ನಮ್ಮ ಮನೆಯಿಂದ ಎರಡು ಮನೆ ಆಚೆಗಿನ ಮಿಚಿಕೊ ಎಂಬ ಜಪಾನಿ ಹೆಂಗಸಿನದು. ನನ್ನದೇ ವಯಸ್ಸು, ನಾನು ಅವರನ್ನು ಮಿಚಿಕೊಬಾಯಿ ಎನ್ನುತ್ತೇನೆ. ಹರೆಯದಲ್ಲಿ ಅವರು ಟೋಕಿಯೋದಲ್ಲಿ ಇದೇ ಹಾಡುಗಳ ಚಿತ್ರಗಳಿಗೆ ಕುಂಚದಿಂದ ಆಕಾಶದ ಬಣ್ಣ ತುಂಬಿದ್ದರಂತೆ. ಅವರ ಬಳಿ ಉಳಿದಿದ್ದು ಇದೊಂದೇ ಪ್ರತಿ. ಮನೆಯಲ್ಲಿ ಹಾಕಿ ನೋಡಲು ಮಶೀನು ಇಲ್ಲದೆ ಅವರೇ ಅದನ್ನು ನೋಡಿ ಎಷ್ಟೋ ವರ್ಷವಾಗಿತ್ತು. ನಿಧಿ ತನ್ನ ಶಾಲೆಯ ಪ್ರಾಜೆಕ್ಟಿಗೆ ಅದನ್ನು ಕಂಪ್ಯೂಟರಿಗೆ ಇಳಿಸಿ, ಮುಂದಿನ ಶನಿವಾರ ಮಿಚಿಕೊಬಾಯಿಗೆ ತೋರಿಸುತ್ತೇನೆಂದು ಮಾತು ಕೊಟ್ಟು ತಂದಿದ್ದಳು. ಟೀಚರು ಒಂದು ಮಶೀನು ತರಿಸುತ್ತಿದ್ದರು. ಟೇಪಿಗೆ ಬೂಷ್ಟು ಹಿಡಿದಿದೆಯೇ ಎಂದು ನಾನು ಕಣ್ಣಿನಿಂದ ನೋಡಿ ಹೇಳಬೇಕಾಗಿತ್ತು. ಕಣ್ಣಿನಿಂದ.

"ಜಸ್ಟ್ ಲುಕ್. ಡೋಂಟ್ ಓಪನ್ ಇಟ್, ಓಕೆ?"

"ಓಕೆ," ಎಂದೆ.

ಈ ಒಂದು ಶಬ್ದಕ್ಕೆ ನಾನು ನಿಂತಿದ್ದರೆ ಈ ಲೇಖನಕ್ಕೆ ಕೆಲಸವೇ ಇರುತ್ತಿರಲಿಲ್ಲ!

ಮರುದಿನ ಬೆಳಿಗ್ಗೆ ನಿಧಿ ಶಾಲೆಗೆ ಹೋದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ಸುಜಾತಾ ಡ್ಯೂಟಿಗೆ ಹೋದಳು. ಮನೆಯಲ್ಲಿ ಉಳಿದವರು ನಾನು, ಯಜಮಾನರು, ಮತ್ತು ಕ್ಯಾಸೆಟ್. ಟೀಚರು ಯಾವಾಗಲೋ ಮಶೀನು ತರಿಸುವವರೆಗೆ ಗದಗಿನ ಸ್ಟೇಷನ್ ರೋಡು ಕೈಕಟ್ಟಿ ಕೂಡಬೇಕೇ? ಯಜಮಾನರನ್ನು ಎಬ್ಬಿಸಿ, ಜನ ದಾನ ಕೊಟ್ಟ ಹಳೆಯ ಸಾಮಾನು ಮಾರುವ ಆಪ್ ಶಾಪಿಗೆ ಕಾರು ಓಡಿಸಲು ಹೇಳಿದೆ. ಒಂದು ಮೂಲೆಯಲ್ಲಿ ಧೂಳು ತಿನ್ನುತ್ತ ವಿಸಿಆರ್ ಕೂತಿತ್ತು. ತವರಿನವರನ್ನು ಕಂಡಷ್ಟು ಸಂತೋಷವಾಯಿತು.

ಮನೆಗೆ ತಂದು, ಟಿವಿಗೆ ಜೋಡಿಸಿ, ಕೈಮುಗಿದು, ಕ್ಯಾಸೆಟ್ ತಳ್ಳಿದೆ. ಹಾಡು ಬಂತು! ಚಿತ್ರವೂ ಬಂತು. ಆದರೆ ಬಣ್ಣವಿಲ್ಲ. ಒಬ್ಬ ಹುಡುಗಿ ಸೈಕಲ್ ಹೊಡೆಯುತ್ತ ಬರುತ್ತಾಳೆ, ಅವಳ ತಲೆ ಕೆಳಗೆ, ಸೈಕಲ್ ಮೇಲೆ, ಮತ್ತೆ ತಲೆ, ಮತ್ತೆ ಸೈಕಲ್. ಇಡೀ ಚಿತ್ರ ಒಂದೇ ಸಮನೆ ಮೇಲಕ್ಕೆ ಉರುಳುತ್ತಿತ್ತು.

"ಹೆಡ್ ಹೊಲಸಾಗೈತಿ," ಎಂದು ತೀರ್ಪು ಕೊಟ್ಟೆ.

"ಅಲ್ಲ, ನಾ ಒಂದ ಮಾತ ಹೇಳ್ಲೇನು?" ಎಂದರು ಯಜಮಾನರು.

"ಬ್ಯಾಡ್ರಿ!"

ಹೆಡ್ ಒರೆಸಲು ಸ್ಪಿರಿಟ್ ಇರಲಿಲ್ಲ. ಮಗಳ ಕೈ ತೊಳೆಯುವ ಸ್ಯಾನಿಟೈಸರ್ ಇತ್ತು. ಹಳೆಯ ಧೋತರದ ಚೂರಿಗೆ ಹಚ್ಚಿ ಒರೆಸಿದೆ. ಚಿತ್ರ ಉರುಳುತ್ತಲೇ ಇತ್ತು, ಈಗ ನಿಂಬೆಹಣ್ಣಿನ ವಾಸನೆಯೊಂದಿಗೆ. ನನಗೆ ಸಿಟ್ಟು ಬಂತು. ಸಾಧಾರಣ ಸಿಟ್ಟಲ್ಲ, ಮೊಮ್ಮಗಳ ಮುಂದೆ ಮಾನ ಹೋಗುತ್ತದೆ ಎಂಬ ಸಿಟ್ಟು!

"ಹಂಗಾದ್ರ ಟೇಪಿನಾಗ ಬೂಷ್ಟು."

"ಗಿರಿಜಾ, ಅದು ಜಪಾನಿಂದ ಐತಿ..."

"ಜಪಾನಿನ್ಯಾಗ ಬೂಷ್ಟು ಹಿಡಿಯಂಗಿಲ್ಲೇನ್ರಿ? ಸ್ಕ್ರೂಡ್ರೈವರ್ ತರ್ರಿ!"

ಸ್ಕ್ರೂಡ್ರೈವರ್ ಬಂತು. ಅದರ ಹಿಂದೆ ಬರಬೇಕಾಗಿದ್ದ ಮಾತನ್ನು ಯಜಮಾನರು ನುಂಗಿಕೊಂಡರು. ನಲವತ್ತೆಂಟು ವರ್ಷದ ಸಂಸಾರದಲ್ಲಿ ಅವರು ಚೆನ್ನಾಗಿ ಕಲಿತದ್ದು ಅದೊಂದೇ ವಿದ್ಯೆ.

ನಮ್ಮ ಲೈಬ್ರರಿಯ ಪದ್ಧತಿ ಹೀಗೆ: ಮಳೆಗಾಲದಲ್ಲಿ ಬೂಷ್ಟು ಹಿಡಿದ ಕ್ಯಾಸೆಟ್ ಬಿಚ್ಚಿ, ಟೇಪು ಹೊರಗೆಳೆದು, ಮಾಳಿಗೆಯ ನೆರಳಿನಲ್ಲಿ ಮೊಳೆಯಿಂದ ಮೊಳೆಗೆ ಹಾಯಿಸಿ, ಗಾಳಿಗೆ ಒಣಗಿಸಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಮತ್ತೆ ಸುತ್ತಿಡುವುದು. ನಾನು ನೂರಾರು ಕ್ಯಾಸೆಟ್ ಹೀಗೆ ಬದುಕಿಸಿದ್ದೇನೆ. ಇಲ್ಲಿ ಮಾಳಿಗೆ ಇಲ್ಲ, ಮೊಳೆಯೂ ಇಲ್ಲ. ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ಕಂಬ ಇತ್ತು, ಈ ದೇಶದಲ್ಲಿ ಮನೆಮನೆಗೂ ಇರುವಂಥದ್ದು: ಬಟ್ಟೆ ಕಿತ್ತ ದೊಡ್ಡ ಛತ್ರಿಯ ಹಾಗೆ ನಾಲ್ಕು ಕೈ, ಕೈಯಿಂದ ಕೈಗೆ ತಂತಿ. ಆ ತಂತಿಗಳ ಮೇಲೆ ಟೇಪನ್ನು ಸುತ್ತು ಸುತ್ತಾಗಿ ಹಾಯಿಸಿದೆ. ಬಿಸಿಲಿನಲ್ಲಿ ಅದು ಮಿರಮಿರನೆ ಮಿಂಚಿತು. ನನ್ನ ಕೈಗೆಲಸ ನೋಡಿ ನನಗೇ ಹೆಮ್ಮೆಯಾಯಿತು.

ಗದಗಿನಲ್ಲಿ ಮೊಳೆ ಹೊಡೆದರೆ ಮೊಳೆ ಇದ್ದಲ್ಲಿಯೇ ಇರುತ್ತದೆ. ಈ ಕಂಬ ತಿರುಗುತ್ತದೆ!

ಗಾಳಿ ಬೀಸಿತು. ಹೇಳದೆ ಕೇಳದೆ ಬೀಸುವ ಶಿಸ್ತುಗೆಟ್ಟ ಗಾಳಿ! ಕಂಬ ಗರಗರ ತಿರುಗಿತು. ಟೇಪಿನ ಒಂದು ತುದಿ ಕಂಬದಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿದ್ದ ಕ್ಯಾಸೆಟ್ಟಿನ ಗಾಲಿಯಲ್ಲಿ. ಬಿಟ್ಟರೆ ಹಾರುತ್ತದೆ, ಹಿಡಿದರೆ ಹರಿಯುತ್ತದೆ. ಓಡಿದೆ! ಸೀರೆಯ ನೆರಿಗೆ ಒಂದು ಕೈಯಲ್ಲಿ, ಮಿಚಿಕೊಬಾಯಿಯ ಆಕಾಶ ಇನ್ನೊಂದು ಕೈಯಲ್ಲಿ ಹಿಡಿದು ಆ ಕಂಬಕ್ಕೆ ಹನ್ನೊಂದು ಪ್ರದಕ್ಷಿಣೆ ಹಾಕಿದೆ. ಯಾವ ದೇವರಿಗೂ ನಾನು ಅಷ್ಟು ಜೋರಾಗಿ ಸುತ್ತು ಬಂದವಳಲ್ಲ.

"ಹಿಡೀರಿ ಅದನ್ನ! ಕಂಬ ಹಿಡೀರಿ!"

"ಯಾವ ಕಡೆ?" ಎಂದರು ಯಜಮಾನರು.

"ಕಂಬಕ್ಕ ಕಡೀನೂ ಬ್ಯಾರೆ ಇರ್ತಾವೇನ್ರಿ?"

ಅವರು ಕಂಬ ಹಿಡಿದರು. ಟೇಪು ಅವರಿಗೂ ಸುತ್ತಿಕೊಂಡಿತು. ಎರಡು ಕಡೆ ಟಪ್ ಟಪ್ ಎಂದು ಹರಿಯಿತು. ಹರಿದ ಒಂದು ಉದ್ದನೆಯ ತುಂಡು ಬೇಲಿ ದಾಟಿ ಪಕ್ಕದ ಹಿತ್ತಿಲಿಗೆ ತೂಗಾಡಿತು. ಅಲ್ಲಿ ಸ್ಟ್ರಾಬೆರಿ ಪಾತಿಯಲ್ಲಿ ಬಗ್ಗಿದ್ದ ಬ್ಯಾರಿ ಅಂಕಲ್ ತಲೆ ಎತ್ತಿದರು. ರಿಟೈರಾದ ಮನುಷ್ಯ, ಬಹಳ ಒಳ್ಳೆಯವರು. ನನಗೆ ಆಗಬೇಕಾದ ಹಾನಿಯೆಲ್ಲ ಇಂಥ ಒಳ್ಳೆಯವರಿಂದಲೇ ಆಗಿದೆ.

ಅವರು ಟೇಪು ನೋಡಿದರು, ನನ್ನನ್ನು ನೋಡಿದರು, ಕಂಬಕ್ಕೆ ಕಟ್ಟಿಹಾಕಿದಂತೆ ನಿಂತಿದ್ದ ಯಜಮಾನರನ್ನು ನೋಡಿದರು.

"ಆಹ್! ಟು ಸ್ಕೇರ್ ದ ಬರ್ಡ್ಸ್?"

ಹಕ್ಕಿ ಬೆದರಿಸಲು! ನಮ್ಮ ಕಡೆಯೂ ಜೋಳದ ಹೊಲಕ್ಕೆ ಹಳೆಯ ಟೇಪು ಕಟ್ಟುತ್ತಾರೆ, ಗಾಳಿಗೆ ಗುಂಯ್ ಎನ್ನುತ್ತದೆ. ಅವರ ಪ್ರಶ್ನೆ ನನಗೆ ಪೂರ್ತಿ ತಿಳಿಯಿತು. ಇಲ್ಲ ಎನ್ನಬಹುದಿತ್ತು. ಆದರೆ ಏದುಸಿರು ಬಿಡುತ್ತ, ಸೆರಗು ಜಾರಿ, ಹನ್ನೊಂದು ಸುತ್ತು ಓಡಿದ ಹೆಂಗಸು, ತಾನು ಮಾಡುತ್ತಿದ್ದದ್ದು ದೊಡ್ಡ ರಿಪೇರಿ ಎಂದು ಯಾವ ಮುಖದಿಂದ ಹೇಳಬೇಕು? ಮಾನ ಉಳಿಸಿಕೊಳ್ಳಲು ಗಂಭೀರವಾಗಿ ತಲೆಯಾಡಿಸಿದೆ.

"ಯಸ್, ಯಸ್. ಬರ್ಡ್ಸ್."

"ಬ್ರಿಲಿಯಂಟ್! ಮೇ ಐ?"

ನಾನು 'ಬೇಡ' ಎಂಬುದಕ್ಕೆ ಇಂಗ್ಲಿಷ್ ಹುಡುಕುವಷ್ಟರಲ್ಲಿ ಅವರು ಗಿಡ ಕತ್ತರಿಸುವ ಕತ್ತರಿ ತೆಗೆದು ಕಚಕ್ ಎನಿಸಿದರು. ಐದು ನಿಮಿಷದಲ್ಲಿ ಜಪಾನಿನ ಹಾಡು ಸ್ಟ್ರಾಬೆರಿಯ ಮೇಲೆ ಗಂಟುಗಂಟಾಗಿ ಕಟ್ಟಿಸಿಕೊಂಡು ಗುಂಯ್‌ಗುಡುತ್ತಿತ್ತು. ಹಕ್ಕಿಗಳು ಹೆದರಿ ಹಾರಿದವು. ನಾನೂ ಒಳಗೆ ಓಡಿದೆ.

ಮಧ್ಯಾಹ್ನ ನಿಧಿ ಬಂದಾಗ ಊಟದ ಟೇಬಲ್ಲಿನ ಮೇಲೆ ಶಾವಿಗೆಯ ಗುಡ್ಡೆಯಂತೆ ಟೇಪು ಬಿದ್ದಿತ್ತು. ಅದರ ಮುಂದೆ ನಾವಿಬ್ಬರೂ ಆರೋಪಿಗಳಂತೆ ಕುಳಿತಿದ್ದೆವು. ಚಿತ್ರ ಉರುಳುತ್ತಿತ್ತು, ಬಣ್ಣ ಇರಲಿಲ್ಲ, ಅದಕ್ಕೇ ಚಿಕಿತ್ಸೆ ಮಾಡಿದೆ ಎಂದು ವಿವರಿಸಿದೆ. ಅವಳ ಮುಖ ಬಿಳಿಚಿತು.

"ಇಟ್ ವಾಸ್ ಫೈನ್, ಅಜ್ಜಿ. ಜಪಾನ್ ಯೂಸಸ್ ಎ ಡಿಫರೆಂಟ್ ಸಿಸ್ಟಮ್. ಇಟ್ ಜಸ್ಟ್ ನೀಡೆಡ್ ದ ರೈಟ್ ಮಶೀನ್."

ಜಪಾನಿನ ಕ್ಯಾಸೆಟ್ ಇಲ್ಲಿಯ ವಿಸಿಆರ್‌ನಲ್ಲಿ ಹಾಗೆಯೇ ಕಾಣುವುದಂತೆ! ಅದು ರೋಗವೇ ಅಲ್ಲ!

"ಅದನ್ನ ನಾ ಮುಂಜಾನಿಂದ ಹೇಳಾಕತ್ತೀನಿ," ಎಂದರು ಯಜಮಾನರು. "ದೇಸಾಯರ ಮಗ ಅಮೆರಿಕಾದಿಂದ ತಂದ ಕ್ಯಾಸೆಟ್ಟೂ ಹಿಂಗ ಉರುಳಿತ್ತಲ್ಲ."

"ಹೇಳಾಕತ್ತಿದ್ರ ಪೂರಾ ಹೇಳಬೇಕಿಲ್ಲೇನ್ರಿ? ಬಾಯಾಗ ಏನ ಇಟಗೊಂಡಿದ್ರಿ?"

"ನೀ ಹೇಳಿದಿಯಲ್ಲ, ಬ್ಯಾಡ್ರಿ ಅಂತ. ಅದನ್ನ ಇಟಗೊಂಡಿದ್ದೆ."

ಆ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಹೇಳುವುದು ಸರಿಯಿದ್ದಾಗ ಗಂಡಸು ನಾಲ್ಕು ಸಲ ಹೇಳಬೇಕು!

ನಿಧಿ ಟೇಪಿನ ಒಂದು ತುದಿ ಎತ್ತಿಕೊಂಡಳು. ಕಣ್ಣು ತುಂಬಿದ್ದವು. ಆಮೇಲೆ, ಅವಳು ಹುಟ್ಟಿದ ಲಾಗಾಯ್ತು ನಾನು ಯಾವುದಕ್ಕಾಗಿ ಕಾದಿದ್ದೆನೋ ಅದು ಅವಳ ಬಾಯಿಂದ ಬಂತು. ಒಂದು ಪೂರ್ತಿ ಕನ್ನಡ ವಾಕ್ಯ!

"ಬಿಚ್ಚಬ್ಯಾಡ ಅಂತ ಹೇಳಿದ್ನಲ್ಲ, ಅಜ್ಜಿ! ಮಿಚಿಕೊ ಆಂಟಿಗೆ ನಾ ಏನ ಹೇಳ್ಲಿ?"

ಒಂದಲ್ಲ, ಎರಡು ವಾಕ್ಯ. ಉಚ್ಚಾರ ಎಷ್ಟು ಸ್ವಚ್ಛ! ಸಂತೋಷಪಡಬೇಕೋ ನೆಲ ಬಿರಿದರೆ ಒಳಗೆ ಹೋಗಬೇಕೋ ತಿಳಿಯಲಿಲ್ಲ. ಸಂಜೆ ಡ್ಯೂಟಿ ಮುಗಿಸಿ ಬಂದ ಸುಜಾತಾ ಎಲ್ಲ ಕೇಳಿ, "ಅವ್ವಾ, ಗಟ್ಟಿಮುಟ್ಟಾಗಿದ್ದ ಪೇಷಂಟಿಗೆ ಆಪರೇಷನ್ ಮಾಡಿಬಿಟ್ಟಿಯಲ್ಲ!" ಎಂದಳು. ನಾನು ಬೇಳೆಗೆ ಎರಡು ಸಲ ಉಪ್ಪು ಹಾಕಿದೆ.

ಮುಂದಿನ ಮೂರು ದಿನ ನಿಧಿ ಮತ್ತು ನಾನು ಟೇಬಲ್ಲಿಗೆ ಅಂಟಿಕೊಂಡು ಕುಳಿತೆವು. ಅವಳು ಬಿಡಿಸುವುದು, ನಾನು ಅಂಟಿಸುವುದು. ಕೈ ಹಳೆಯ ವಿದ್ಯೆ ಮರೆತಿರಲಿಲ್ಲ, ಕಣ್ಣು ಮರೆತಿತ್ತು. ಬ್ಯಾರಿ ಅಂಕಲ್ ವಿಷಯ ತಿಳಿದು ಪಾಪ ಕಣ್ಣೀರು ಹಾಕುವಷ್ಟು ನೊಂದುಕೊಂಡು ತಮ್ಮ ತುಂಡನ್ನು ವಾಪಸು ತಂದರು. ಅದು ಗಂಟುಬಿದ್ದು ಎಳೆದಾಡಿ ನೂಲಿನಂತಾಗಿತ್ತು. ಅದನ್ನು ಬಿಟ್ಟು ಜೋಡಿಸಿದೆವು.

ಶನಿವಾರ ನಿಧಿ, ಶಾಲೆಯ ಸರಿಯಾದ ಮಶೀನಿನಿಂದ ಕಂಪ್ಯೂಟರಿಗೆ ಇಳಿಸಿದ್ದನ್ನು ಮಿಚಿಕೊಬಾಯಿಯ ಮನೆಯಲ್ಲಿ ಹಾಕಿದಳು. ನಾನು ಬಾಗಿಲ ಬಳಿ ನಿಂತೆ, ಬೈದರೆ ಓಡಲು ಅನುಕೂಲ. ಬಣ್ಣ ಬಂತು! ಸೈಕಲ್ ಹುಡುಗಿಯ ಹಿಂದೆ ಕಿತ್ತಳೆ ಆಕಾಶ, ಮೇಲೆ ನೇರಳೆ. ಮಿಚಿಕೊಬಾಯಿ ಬಾಯಿಗೆ ಕೈ ಅಡ್ಡ ಹಿಡಿದು ಕುಳಿತರು. ನಡುನಡುವೆ ಬಿಳಿ ಗೆರೆಗಳು ಹಾಯ್ದವು. ಒಂದು ಕಡೆ ಹುಡುಗಿ ಬೆಟ್ಟ ಹತ್ತುತ್ತಿದ್ದವಳು ಒಮ್ಮೆಲೇ ಸಮುದ್ರದ ದಂಡೆಯಲ್ಲಿದ್ದಳು. ಹೋದದ್ದು ಅದೇ, ಸ್ಟ್ರಾಬೆರಿಯ ತುಂಡು! ನಾನು ಕೈಮುಗಿದು "ಸಾರಿ" ಎಂದೆ, ಮತ್ತೆ ಕನ್ನಡದಲ್ಲಿ ಇನ್ನೂ ಏನೇನೋ ಎಂದೆ. ಅವರು ನನ್ನ ಕೈ ಹಿಡಿದುಕೊಂಡು ನಿಧಿಗೆ ಮೆಲ್ಲಗೆ ಏನೋ ಹೇಳಿದರು. ಹೋದ ಆ ತುಂಡಿನಲ್ಲಿ ಆಕಾಶಕ್ಕೆ ಹಸಿರು ಹಚ್ಚು ಎಂದು ಅಂದಿನ ಕಂಪನಿಯ ಮಾಲೀಕರು ಹಟ ಮಾಡಿದ್ದರಂತೆ. ಆ ಹಸಿರು ಅವರಿಗೆ ಅಂದಿನಿಂದಲೂ ಕಣ್ಣಿಗೆ ಚುಚ್ಚುತ್ತಿತ್ತಂತೆ. ಹೋಗಿದ್ದು ಒಳ್ಳೆಯದೇ ಆಯಿತಂತೆ!

ಮನೆಗೆ ಬರುವ ದಾರಿಯಲ್ಲಿ ನಿಧಿ ನನ್ನ ತೋಳಿಗೆ ತೋಳು ಸೇರಿಸಿದಳು. ಮಾತು ಮತ್ತೆ ಇಂಗ್ಲಿಷಿಗೆ ಹೋಗಿತ್ತು. ಹೋಗಲಿ.

ಹೋದ ವಾರ ಅವಳ ಪ್ರಾಜೆಕ್ಟ್ ಅಚ್ಚಾಗಿ ಬಂತು. ಮೇಲೆ ಸೈಕಲ್ ಹುಡುಗಿಯ ಚಿತ್ರ, ಒಳಗೆಲ್ಲ ಇಂಗ್ಲಿಷ್. "ಯು ಆರ್ ಇನ್ ಇಟ್, ಅಜ್ಜಿ," ಎಂದು ಒಂದು ಪುಟ ತೆರೆದಿಟ್ಟು ಶಾಲೆಗೆ ಓಡಿದಳು. ನೋಡಿದೆ. ಹೌದು! ಎ, ಜೆ, ಜೆ, ಐ. ಬರ್ತ್‌ಡೇ ಕಾರ್ಡುಗಳಿಂದ ಆ ನಾಲ್ಕು ಅಕ್ಷರ ನನಗೆ ಚೆನ್ನಾಗಿ ಪರಿಚಯ. ನಾಲ್ಕನೇ ಇಯತ್ತೆಯವಳ ಹೆಸರು ಪುಸ್ತಕದಲ್ಲಿ! ಕೂಡಲೇ ಗದಗಿಗೆ ತಂಗಿಗೆ ಫೋನ್ ಮಾಡಿದೆ. ಹುಬ್ಬಳ್ಳಿಗೆ ನಾದಿನಿಗೆ ಮಾಡಿದೆ. ಇಲ್ಲಿಯ ಭಜನಾ ಮಂಡಳಿಯ ಗುಂಪಿಗೆ ಆ ಪುಟದ ಫೋಟೋ ತೆಗೆದು ಕಳಿಸಿದೆ. ಎಲ್ಲರಿಗೂ ತಿಳಿಸಿಯಾದ ಮೇಲೆ, ಯಜಮಾನರಿಗೆ ಕನ್ನಡಕ ಕೊಟ್ಟು, ಗತ್ತಿನಿಂದ ಕುಳಿತು, "ಏನ ಬರದಾಳ ನನ್ನ ಬಗ್ಗೆ, ಓದ್ರಿ," ಎಂದೆ.

ಅವರು ಓದಿದರು. ಅಧ್ಯಾಯದ ಹೆಸರು 'ಹಳೆಯ ಟೇಪುಗಳ ಶತ್ರುಗಳು'. ಕೆಳಗೆ ಒಂದು ಪಟ್ಟಿ: ಬೂಷ್ಟು, ತೇವ, ಬಿಸಿಲು, ಅಜ್ಜಿ.

ಮೊದಲಿನ ಮೂರಕ್ಕೆ ಪರಿಹಾರವಿದೆ ಎಂದೂ ಬರೆದಿದ್ದಳು!