ಕಲಂ ಹದಿನಾಲ್ಕು

ತೊಂದರೆಗೆಲ್ಲ ಮೂಲ ಹಾಲಿನ ಪಾತ್ರೆ.

ಆ ದಿನ ಬೆಳಿಗ್ಗೆ ಕಲಮಪ್ಪನವರು ಕಚೇರಿಯ ಕಡತವನ್ನು ಊಟದ ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋದರು. ಒಲೆಯಿಂದ ಇಳಿಸಿದ ಪಾತ್ರೆಯ ಕೆಳಗಿಡಲು ಅವರ ಹೆಂಡತಿ ಏನಾದರೂ ದಪ್ಪಗಿರುವುದನ್ನು ಹುಡುಕುತ್ತಿದ್ದರು. ಕಡತ ಸಿಕ್ಕಿತು. ಪಾತ್ರೆ ಇಡುವ ಮುನ್ನ ಮೇಲಿನ ಹಾಳೆಯ ಮೇಲೆ ಕಣ್ಣು ಹಾಯಿತು, ಅಲ್ಲೇ ನಿಂತಿತು. ಕೊನೆಗೆ ಹಾಲು ಹಳೆಯ ಪೇಪರಿನ ಮೇಲೆ ಕೂತಿತು, ಹೆಂಡತಿ ಕಡತ ಹಿಡಿದು ಕುರ್ಚಿಯ ಮೇಲೆ ಕೂತರು. ಕಲಮಪ್ಪನವರು ತಲೆ ಒರೆಸಿಕೊಳ್ಳುತ್ತಾ ಹೊರಗೆ ಬರುವಷ್ಟರಲ್ಲಿ ಹೆಂಡತಿ ಮೊದಲಿನ ಬಸ್ಸು ಹಿಡಿದು ಶಾಲೆಗೆ ಹೋಗಿಬಿಟ್ಟಿದ್ದರು. ಕಡತ ಇದ್ದಲ್ಲೇ ಇತ್ತು.

ಕಲಮಪ್ಪ ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ. ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಅವರು ನಿಯಮ ಬರೆಯುವ ಕೆಲಸದಲ್ಲಿದ್ದರು. ಯಾರಾದರೂ ಕಿಟಕಿ ಮುಚ್ಚಿ ಎಂದರೂ ಯಾವ ಕಲಮಿನ ಪ್ರಕಾರ ಎಂದು ಕೇಳುವಷ್ಟು ಅದರಲ್ಲಿ ಮುಳುಗಿದ್ದರು. ಅದಕ್ಕೂ ಮೊದಲು ಅವರು ವಿಜ್ಞಾನದ ಮೇಷ್ಟ್ರು. ಎಂಟನೇ ತರಗತಿಯ ಮಕ್ಕಳನ್ನು ಕಂಡರೆ ಅವರಿಗೆ ಕೈಕಾಲು ಆಡುತ್ತಿರಲಿಲ್ಲ. ಹಾಗಾಗಿ ಯಾರದೋ ಕೈಕಾಲು ಹಿಡಿದು, ನಿಯೋಜನೆಯ ಮೇಲೆ ಕಚೇರಿಗೆ ಬಂದು, ಫ್ಯಾನಿನ ಕೆಳಗೆ ಒಂದು ಕುರ್ಚಿ ಸಂಪಾದಿಸಿದ್ದರು. ಆ ಕುರ್ಚಿಗೇ ಈಗ ಕುತ್ತು ಬಂದಿತ್ತು.

"ರಾಜ್ಯದ ಎಲ್ಲಾ ಶಿಕ್ಷಕರನ್ನೂ ಮೌಲ್ಯಮಾಪನ ಮಾಡಿ, ಕಷ್ಟ ಪಡ್ತಿರೋರಿಗೆ ಬೆಂಬಲ ಕೊಡೋ ವ್ಯವಸ್ಥೆ ಮಾಡಿ ಅಂದೆ, ಮಾಡಿದ್ದೀರಿ. ಸಂತೋಷ," ಎಂದಿದ್ದರು ಹಿಂದಿನ ದಿನ ನಿರ್ದೇಶಕರು. "ಆದ್ರೆ ಕಾಗದದ ಮೇಲಿರೋದೆಲ್ಲಾ ಚೆನ್ನಾಗೇ ಕಾಣುತ್ತೆ ಕಣ್ರೀ. ನಾಳೆ ಹತ್ತಿರದ ಶಾಲೇಲಿ ನಾಲ್ಕು ಜನದ ಮೇಲೆ ಪ್ರಯೋಗ ಮಾಡಿ. ಸಾಯಂಕಾಲ ನಾನೇ ಬಂದು ನೋಡ್ತೀನಿ. ಕೆಲಸ ಮಾಡಿದ್ರೆ ನೀವು ಕಚೇರೀಲೇ ಖಾಯಂ. ಇಲ್ದಿದ್ರೆ ಚಾಕ್‌ಪೀಸು ಹಿಡ್ಕೊಂಡು ಮತ್ತೆ ಶಾಲೆಗೆ."

ಹತ್ತಿರದ ಶಾಲೆ ಎಂದರೆ ಹೆಂಡತಿ ಗಣಿತ ಕಲಿಸುವ ಶಾಲೆ. ಹೆಂಡತಿಯಿರುವ ಶಾಲೆಗೆ ಹೋಗಬಾರದು ಎನ್ನಲು ಕಲಂ ಇರಲಿಲ್ಲ. ಅದೊಂದನ್ನು ಬರೆಯಲು ಕಲಮಪ್ಪನವರಿಗೆ ಮರೆತುಹೋಗಿತ್ತು.

ವ್ಯವಸ್ಥೆಯ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯಿತ್ತು. ಪಾಠ ಮುಗಿದ ಮೇಲೆ ಮಕ್ಕಳನ್ನು 'ಇವತ್ತು ಏನು ಕಲಿತಿರಿ?' ಎಂದು ಕೇಳಬೇಕು. ನೂರರಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಕ ಅದಕ್ಕೇ. ಶಾಲೆಯಲ್ಲಿ ಎಲ್ಲರಿಗಿಂತ ಕಡಿಮೆ ಅಂಕ ಬಂದವರನ್ನು ಬಯ್ಯುವ ಹಾಗಿಲ್ಲ. ಅವರಿಗೆ ಅರ್ಧದಷ್ಟೇ ಪಾಠ, ಮಕ್ಕಳ ನೋಟ್‌ಬುಕ್ ತಿದ್ದಲು ಒಬ್ಬ ಸಹಾಯಕರು. ಎಲ್ಲರಿಗಿಂತ ಹೆಚ್ಚು ಬಂದವರಿಗೆ ಒಂದು ಪ್ರಶಸ್ತಿಪತ್ರ. ಜೊತೆಗೆ ಅವರು ತಮ್ಮ ಪಾಠಗಳನ್ನೂ ಮಾಡಿಕೊಂಡು, ಕಡಿಮೆ ಬಂದವರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಮಾರ್ಗದರ್ಶನ ಮಾಡಬೇಕು. ಇದನ್ನು ಓದಿದ ಯಾವ ಶಿಕ್ಷಕರಿಗಾದರೂ ಯಾವ ಕಡೆ ಹೋಗಬೇಕೆಂದು ತಿಳಿಯುತ್ತದೆ. ಬರೆದವರಿಗೆ ಮಾತ್ರ ಅದು ಹೊಳೆದಿರಲಿಲ್ಲ.

ಮೊದಲನೆಯ ತರಗತಿ ಭಾಷಾ ಮೇಷ್ಟ್ರದು. ಒಳ್ಳೆಯ ಮಾತುಗಾರರೆಂದು ಹೆಸರಾದವರು. ಕಲಮಪ್ಪನವರು ಹಿಂದಿನ ಬೆಂಚಿನಲ್ಲಿ ಮಂಡಿ ಮಡಚಿ ಕೂತು ಪೆನ್ನು ತೆಗೆದರು. ಮೇಷ್ಟ್ರು ಬಂದರು, ಕುರ್ಚಿಗೆ ಒರಗಿದರು, ಕರವಸ್ತ್ರವನ್ನು ಮುಖದ ಮೇಲೆ ಹೊದ್ದುಕೊಂಡು ನಿದ್ದೆ ಹೋದರು.

ಮಕ್ಕಳು ಸ್ವಲ್ಪ ಹೊತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇಸರ ತಡೆಯಲಾರದೆ ಪುಸ್ತಕ ತೆರೆದರು. ಅದರಲ್ಲೊಂದು ರಾಜನ ಕತೆಯಿತ್ತು. ರಾಜ ಮಾಡಿದ್ದು ಸರಿಯೋ ತಪ್ಪೋ ಎಂದು ಎರಡು ಗುಂಪಾಗಿ ಪಿಸುದನಿಯಲ್ಲಿ ಜಗಳವಾಡಿದರು. ಗಂಟೆ ಹೊಡೆದ ಮೇಲೆ ಏನು ಕಲಿತಿರೆಂದು ಕೇಳಿದರೆ ಕತೆಯನ್ನು ಪೂರ್ತಿ ಒಪ್ಪಿಸಿದರು. ಕಲಮಪ್ಪನವರು ನಿಯಮದಂತೆ ಕೂಡಿಸಿ ಮೂವತ್ತೊಂದು ಅಂಕ ಬರೆದರು.

ಕರವಸ್ತ್ರದ ಕೆಳಗಿನಿಂದ ದನಿ ಬಂತು. "ಎಷ್ಟು ಬಂತು ಸಾರ್?"

"ಮೂವತ್ತೊಂದು."

ಮೇಷ್ಟ್ರು ಧಡಕ್ಕನೆ ಎದ್ದು ಕೂತರು. "ಅಷ್ಟೊಂದಾ? ಅನ್ಯಾಯ ಸಾರ್! ನಾನು ಬಾಯೇ ಬಿಟ್ಟಿಲ್ಲ. ಬೇಕಾದ್ರೆ ನಾಳೆ ಗೊರಕೇನೂ ಹೊಡೀತೀನಿ. ಆ ಸಹಾಯಕರು ಬರೋದು ಈ ತಿಂಗಳೇನಾ?"

ಕಲಮಪ್ಪನವರು ಪೆನ್ನು ಕೆಳಗಿಟ್ಟರು. ಸಹಾಯಕರ ವಿಷಯ ತಮ್ಮನ್ನೂ ನಿರ್ದೇಶಕರನ್ನೂ ಬಿಟ್ಟರೆ ಮೂರನೆಯವರಿಗೆ ಗೊತ್ತಿಲ್ಲವೆಂದು ಅವರು ನಂಬಿದ್ದರು.

ವ್ಯಾಯಾಮದ ಮೇಷ್ಟ್ರು ಮಕ್ಕಳನ್ನು ಮೈದಾನಕ್ಕೆ ಬಿಟ್ಟು, ತಾವು ಗೋಡೆಗೆ ಮುಖಮಾಡಿ ನಿಂತುಬಿಟ್ಟರು. ಬಣ್ಣ ಒಣಗುತ್ತಿದೆಯೇ ಎಂದು ನೋಡುವವರ ಹಾಗೆ ಪೂರ್ತಿ ಅವಧಿ ನಿಂತರು. ಮಕ್ಕಳು ತಾವೇ ಎರಡು ತಂಡ ಮಾಡಿಕೊಂಡು, ಬಿದ್ದವರನ್ನು ಎಬ್ಬಿಸಿ, ಸೋತವರ ಕೈ ಕುಲುಕಿ ಆಟ ಮುಗಿಸಿದರು. ನಲವತ್ತು ಅಂಕ ಬಂತು.

"ಈ ಮಕ್ಳನ್ನ ನಂಬ್ಕೊಂಡ್ರೆ ನಾವು ಕೆಟ್ವಿ," ಎಂದು ವ್ಯಾಯಾಮದ ಮೇಷ್ಟ್ರು ಗೋಡೆಗೇ ಹೇಳಿದರು.

ಮೂರನೆಯದು ಗಣಿತ. ಹೆಂಡತಿ ಒಳಗೆ ಬಂದು ಗಂಡನ ಕಡೆ ಒಂದು ನೋಟ ಬೀರಿದರು. ಆ ನೋಟದಲ್ಲಿ ದಿನಾ ಸಂಜೆ ಸೋಫಾದ ಮೇಲೆ ಗುಡ್ಡೆ ಬೀಳುವ ನೋಟ್‌ಬುಕ್ಕುಗಳೆಲ್ಲಾ ಇದ್ದವು. ಆ ಗುಡ್ಡೆಯ ದೆಸೆಯಿಂದ ಕಲಮಪ್ಪನವರು ಮನೆಯಲ್ಲಿ ಸೋಫಾದ ತುದಿಯಲ್ಲಿ ಕೂರುವುದನ್ನು ರೂಢಿ ಮಾಡಿಕೊಂಡಿದ್ದರು. ಸುದ್ದಿ ಹೊರಬಿದ್ದ ದಾರಿ ಯಾವುದೆಂದು ಅವರಿಗೆ ಆಗ ಅರ್ಥವಾಯಿತು.

ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿದರೆ ಐದನೇ ಎರಡು ಭಾಗ ಎಂದು ಹೆಂಡತಿ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. ಮುಂದಿನ ಬೆಂಚಿನ ಹುಡುಗ ಕೈ ಎತ್ತಿದ. "ಮಿಸ್, ಅದು ಅರ್ಧಕ್ಕಿಂತ ಕಮ್ಮಿ ಆಯ್ತಲ್ಲಾ ಮಿಸ್? ಕೂಡಿಸಿದ್ರೆ ಜಾಸ್ತಿ ಆಗ್ಬೇಕಲ್ವಾ?"

"ಸುಮ್ನೆ ಬರ್ಕೋ."

ಎಲ್ಲರೂ ಬರೆದುಕೊಂಡರು. ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ತನ್ನಷ್ಟಕ್ಕೆ ತಾನೇ ಲೆಕ್ಕ ಸರಿಯಾಗಿ ಮಾಡಿಬಿಟ್ಟಿದ್ದಳು. ಬೋರ್ಡು ನೋಡಿದಳು, ತನ್ನ ಪುಸ್ತಕ ನೋಡಿದಳು, ರಬ್ಬರು ತೆಗೆದು ಸರಿಯುತ್ತರವನ್ನು ಅಳಿಸತೊಡಗಿದಳು. ಹೆಂಡತಿಯ ಮುಖ ಸಣ್ಣದಾಯಿತು. ಒಂದು ಕ್ಷಣ ಹಲ್ಲು ಕಚ್ಚಿ ತಡೆದುಕೊಂಡರು. ಆಮೇಲೆ ಆಗಲಿಲ್ಲ.

"ಅಳಿಸ್ಬೇಡ್ವೇ ಪುಟ್ಟಿ!" ಎಂದು ಕೂಗಿಯೇಬಿಟ್ಟರು.

ಬೋರ್ಡು ಒರೆಸಿದರು. ಒಂದು ಹಾಳೆ ಹರಿದು ಆರು ಮಡಿಕೆ ಮಾಡಿದರು. ಎಲ್ಲರ ಕೈಯಲ್ಲೂ ಹಾಳೆ ಮಡಚಿಸಿದರು. ಅರ್ಧವೆಂದರೆ ಮೂರು ಮಡಿಕೆ, ಮೂರನೇ ಒಂದೆಂದರೆ ಎರಡು ಮಡಿಕೆ, ಈಗ ನೀವೇ ಎಣಿಸಿ ಎಂದರು. ಇಡೀ ತರಗತಿ ಐದು, ಐದು, ಆರರಲ್ಲಿ ಐದು ಎಂದು ಕೂಗಿತು. ಹಿಂದಿನ ಬೆಂಚಿನಲ್ಲಿ ಕಲಮಪ್ಪನವರೂ ಕಡತದ ಒಂದು ಹಾಳೆಯನ್ನು ಮಡಿಸಿ ಎಣಿಸುತ್ತಿದ್ದರು. ಭಿನ್ನರಾಶಿ ಅವರಿಗೆ ಜೀವನದಲ್ಲಿ ಮೊದಲ ಸಲ ನೆಟ್ಟಗೆ ಅರ್ಥವಾಯಿತು. ಇವಳು ನನ್ನ ಹೆಂಡತಿ ಎಂದು ಪಕ್ಕದ ಹುಡುಗನಿಗೆ ಹೇಳಬೇಕೆನಿಸುವಷ್ಟು ಸಂತೋಷವಾಯಿತು. ಎಂಬತ್ತೆಂಟು ಬರೆದರು.

ಆ ಸಂತೋಷ ವರಾಂಡದವರೆಗೆ ಮಾತ್ರ ಉಳಿಯಿತು.

"ಎಂಬತ್ತೆಂಟಾ?" ಹೆಂಡತಿ ದನಿ ತಗ್ಗಿಸಿ ಕೇಳಿದರು. "ಕಟ್ಕೊಂಡ ಹೆಂಡ್ತಿಗೆ ಎಂಬತ್ತೆಂಟು ಹಾಕೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತ್ರೀ?"

"ನೀನು ಅಷ್ಟು ಚೆನ್ನಾಗಿ ಪಾಠ ಮಾಡಿದ್ರೆ ನಾನೇನೇ ಮಾಡ್ಲಿ?"

"ಒಂದ್ಸಲ ಕೈ ತಪ್ತು. ಮನೆಯೋರು ಅಂದ್ಮೇಲೆ ಕಂಡೂ ಕಾಣದ ಹಾಗೆ ಇರ್ಬೇಕಪ್ಪ."

ಅಷ್ಟರಲ್ಲಿ ಹೆಡ್ ಮೇಡಂ ಬಂದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಜಗತ್ತನ್ನು ಅದರ ಮೇಲಿನಿಂದ ನೋಡುವ ಹೆಂಗಸು. "ನಾಲ್ಕನೇದು ವಿಜ್ಞಾನ. ಆ ಮೇಷ್ಟ್ರು ಹಲ್ಲುನೋವು ಅಂತ ಮನೇಲಿದ್ದಾರೆ. ಎಂಟನೇ ಕ್ಲಾಸ್ ಮಕ್ಳು ಬೆಂಚು ಹತ್ತಿ ಕುಣೀತಿದ್ದಾರೆ. ನೀವೇ ಹೋಗಿ ತಗೊಳ್ಳಿ."

ಕಲಮಪ್ಪನವರು ಕಡತವನ್ನು ಎದೆಗೆ ಅವುಚಿಕೊಂಡರು. "ನಾನಾ? ನಾನು ಅಂಕ ಹಾಕೋಕೆ ಬಂದೋನು ಮೇಡಂ."

"ಅಂಕ ನಾನು ಹಾಕ್ತೀನಿ. ಯಾರು ಹಾಕಿದ್ರೂ ಅಂಕ ಒಂದೇ ಬರ್ಬೇಕು ಅಂತ ನೀವೇ ಕಲಂ ಐದರಲ್ಲಿ ಬರ್ದಿದ್ದೀರಿ. ನೋಡೇಬಿಡೋಣ. ನಾಲ್ಕು ಜನ ಆಗ್ದಿದ್ರೆ ನಿರ್ದೇಶಕರಿಗೆ ಏನು ತೋರಿಸ್ತೀರಿ?"

ಕಲಂ ಎಂದ ಮೇಲೆ ಅವರು ಕಡತವನ್ನು ಹೆಡ್ ಮೇಡಂ ಕೈಗೆ ಕೊಟ್ಟರು. ಆದರೂ ಒಳಗೊಂದು ಧೈರ್ಯವಿತ್ತು. ಒಳ್ಳೆಯ ಪಾಠ ಹೇಗಿರಬೇಕೆಂದು ರಾಜ್ಯಕ್ಕೇ ಬರೆದುಕೊಟ್ಟವರು ತಾವು. ಅದರಲ್ಲಿರುವುದನ್ನು ಒಂದೂ ಬಿಡದೆ ಮಾಡಿದರಾಯಿತು.

ಮಾಡಿದರು. ನಗುಮುಖದಿಂದ ಒಳಗೆ ಹೋದರು. ಬೋರ್ಡು ಒರೆಸಿದರು. 'ನೀರು ಕುದಿಯುವುದೇಕೆ?' ಎಂದು ಬರೆದರು. ಪಾಠದ ಉದ್ದೇಶ ಹೇಳಿದರು. ಉದ್ದೇಶದ ಮಹತ್ವ ಹೇಳಿದರು. ತರಗತಿಯಲ್ಲಿ ಓಡಾಡಬೇಕೆಂದು ನಿಯಮವಿದ್ದುದರಿಂದ ಸಾಲುಗಳ ನಡುವೆ ಕಳೆದುಹೋದ ಚಪ್ಪಲಿ ಹುಡುಕುವವರಂತೆ ಓಡಾಡಿದರು. ಎಲ್ಲರ ಕಣ್ಣನ್ನೂ ನೋಡಬೇಕೆಂದಿದ್ದುದರಿಂದ ಒಬ್ಬೊಬ್ಬರ ಕಣ್ಣನ್ನೂ ಬಗ್ಗಿ ನೋಡಿದರು. ಒಬ್ಬ ಹುಡುಗ ಹೆದರಿ ಕಣ್ಣು ಮುಚ್ಚಿಕೊಂಡ. ಕಲಿತದ್ದನ್ನು ದಿನನಿತ್ಯದ ಬದುಕಿಗೆ ಹೊಂದಿಸುವುದು ಹೇಗೆಂದು ಹೇಳಿದರು. ಕಡೆಗೆ ಪೀಠಿಕೆ ಮುಗಿಯಿತು ಎಂಬ ನೆಮ್ಮದಿಯಲ್ಲಿ ಚಾಕ್‌ಪೀಸು ಕೈಗೆತ್ತಿಕೊಂಡರು.

ಹಿಂದಿನಿಂದ ಒಬ್ಬ ಹುಡುಗಿ ವಿನಯವಾಗಿ ಕೇಳಿದಳು. "ಸಾರ್, ಪಾಠ ಯಾವಾಗ ಶುರು?"

ಗಂಟೆ ಹೊಡೆಯಿತು.

ಹೆಡ್ ಮೇಡಂ ಎದ್ದು ನಿಂತರು. "ಮಕ್ಳೇ, ಇವತ್ತು ಏನು ಕಲಿತ್ರಿ?"

ತರಗತಿ ಬಹಳ ಹೊತ್ತು ಯೋಚಿಸಿತು. ಕೊನೆಗೆ ಒಬ್ಬ, "ಸಾರ್ ತುಂಬಾ ನಡೀತಾರೆ ಮೇಡಂ," ಎಂದ.

"ಒಂಬತ್ತು," ಎಂದರು ಹೆಡ್ ಮೇಡಂ. "ನಡೆದದ್ದಕ್ಕೆ ಐದು, ಬೋರ್ಡ್ ಒರೆಸಿದ್ದಕ್ಕೆ ನಾಲ್ಕು. ನಾನೇನೂ ಕೈಯಾರೆ ಹಾಕಿದ್ದಲ್ಲ, ನಿಮ್ಮ ನಿಯಮವೇ ಹಾಕಿದ್ದು."

ಸುದ್ದಿ ಸ್ಟಾಫ್ ರೂಮಿಗೆ ಅವರಿಗಿಂತ ಮೊದಲೇ ತಲುಪಿತ್ತು. ಭಾಷಾ ಮೇಷ್ಟ್ರ ಮುಖ ದುಮ್ಮೆಂದಿತ್ತು. "ನಾವು ಬೆಳಿಗ್ಗೆಯಿಂದ ಒದ್ದಾಡಿದ್ರೂ ಮೂವತ್ತರ ಕೆಳಗೆ ಇಳಿಯೋಕಾಗ್ಲಿಲ್ಲ. ನೀವು ಹೊರಗಿನಿಂದ ಬಂದು ಸಲೀಸಾಗಿ ಒಂಬತ್ತು ತಗೊಂಡ್ರಲ್ಲಾ ಸಾರ್. ಇದು ನ್ಯಾಯಾನಾ?"

"ಅಯ್ಯೋ, ಅದು ಬರೀ ಪ್ರಯೋಗ. ಲೆಕ್ಕಕ್ಕಿಲ್ಲ," ಎಂದರು ಕಲಮಪ್ಪನವರು.

ಸಂಜೆ ನಿರ್ದೇಶಕರು ಬಂದರು. ಟೀ ಕುಡಿಯುತ್ತಾ ಅಂಕಗಳನ್ನು ನೋಡಿದರು. ಒಮ್ಮೆ ಹುಬ್ಬು ಮೇಲೇರಿತು. ಆಮೇಲೆ ನಿರ್ದೇಶಕರ ಮುಖ ಅರಳಿತು.

"ಭೇಷ್! ಎಲ್ಲರಿಗೂ ಎಪ್ಪತ್ತು, ಎಪ್ಪತ್ತೈದು ಅಂತ ಬಂದಿದ್ರೆ ಕಡತ ಹರಿದು ಹಾಕ್ತಿದ್ದೆ. ಇಲ್ಲಿ ನೋಡಿ, ಒಂದು ಕಡೆ ಎಂಬತ್ತೆಂಟು, ಒಂದು ಕಡೆ ಒಂಬತ್ತು. ಇದು ಕಣ್ರೀ ವ್ಯವಸ್ಥೆ ಅಂದ್ರೆ. ಇವತ್ತೇ ಮಂಜೂರು. ನಿಮ್ಮ ಹುದ್ದೇನೂ ಖಾಯಂ." ಅಲ್ಲೇ ಸಹಿ ಹಾಕಿದರು.

ಕಲಮಪ್ಪನವರಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಫ್ಯಾನು, ಕುರ್ಚಿ, ಕಿಟಕಿ ಎಲ್ಲ ಕಣ್ಣ ಮುಂದೆ ಬಂದವು.

"ಅಂದ ಹಾಗೆ, ಆ ಒಂಬತ್ತರ ಬಡಪಾಯಿ ಯಾರು? ಪಾಪ, ಬೆಂಬಲ ಇಂದಿನಿಂದಲೇ ಶುರುವಾಗ್ಲಿ."

ಎಲ್ಲರೂ ಒಂದೇ ಕಡೆ ನೋಡಿದರು. ಹೆಡ್ ಮೇಡಂ ಕನ್ನಡಕದ ಮೇಲಿನಿಂದ ನೋಡಿದರು.

"ಸಾರ್, ಅದು ನಾನು... ಆದ್ರೆ ನಾನು ಶಿಕ್ಷಕ ಅಲ್ಲ ಸಾರ್, ನಿಯೋಜನೆ ಮೇಲೆ..."

ನಿರ್ದೇಶಕರು ಹಾಳೆ ತಿರುವಿ ಗಟ್ಟಿಯಾಗಿ ಓದಿದರು. "ಕಲಂ ಹದಿನಾಲ್ಕು. ಕನಿಷ್ಠ ಅಂಕ ಪಡೆದವರು ಅರವತ್ತು ಅಂಕ ಪಡೆಯುವವರೆಗೆ ಅದೇ ಶಾಲೆಯಲ್ಲಿ ಪಾಠ ಮಾಡತಕ್ಕದ್ದು. ಯಾವುದೇ ಕಾರಣಕ್ಕೂ ನಿಯೋಜನೆಯ ಮೇಲೆ ಕಚೇರಿಗಳಿಗೆ ತಪ್ಪಿಸಿಕೊಂಡು ಹೋಗುವಂತಿಲ್ಲ." ಹಾಳೆಯನ್ನು ಮೇಜಿನ ಮೇಲಿಟ್ಟರು. "ಎಷ್ಟು ಚೆನ್ನಾಗಿ ಬರ್ದಿದ್ದೀರಿ! ನಿಮ್ಮ ಖಾಯಂ ಹುದ್ದೆ ಎಲ್ಲೂ ಹೋಗಲ್ಲ. ಅರವತ್ತು ತಗೊಂಡು ಬನ್ನಿ."

"ಸಹಾಯಕರು?" ಎಂದು ಭಾಷಾ ಮೇಷ್ಟ್ರು ತಡೆಯಲಾರದೆ ಕೇಳಿದರು.

"ಸಹಾಯಕರನ್ನ ಕೊಡೋಕೆ ಸದ್ಯಕ್ಕೆ ಹಣ ಇಲ್ಲ. ಅಲ್ಲೀವರೆಗೂ ಇವರ ನೋಟ್‌ಬುಕ್ಕನ್ನೂ ಆ ಎಂಬತ್ತೆಂಟರವರೇ ತಿದ್ದಲಿ. ಹೇಗೂ ಮಾರ್ಗದರ್ಶಕರು. ಯಾರವರು?"

ಕಲಮಪ್ಪನವರು ತಲೆ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಬಸ್ಸಿನಲ್ಲಿ ಹೆಂಡತಿಯ ತೊಡೆಯ ಮೇಲೆ ಗಣಿತದ ನೋಟ್‌ಬುಕ್ಕುಗಳು, ಗಂಡನ ತೊಡೆಯ ಮೇಲೆ ವಿಜ್ಞಾನದವು. ಮನೆಗೆ ಬಂದ ಮೇಲೆ ಎರಡು ಗುಡ್ಡೆಯೂ ಸೋಫಾದ ಮೇಲೆ ಕೂತವು, ಕಲಮಪ್ಪನವರಿಗೆ ತುದಿಯೂ ಉಳಿಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

ಹೆಂಡತಿ ಹಾಲನ್ನು ಒಲೆಯ ಮೇಲಿಟ್ಟು ಅವರ ಕಡೆ ತಿರುಗಿದರು. ಸಿಟ್ಟು ಸ್ವಲ್ಪ ಇಳಿದಿತ್ತು. "ಆಗಿದ್ದು ಆಯ್ತು. ಅರವತ್ತು ಬರೋವರೆಗೂ ನಾನೇ ನಿಮ್ಮನ್ನ ತಯಾರು ಮಾಡ್ಬೇಕು, ಬೇರೆ ದಾರಿ ಇಲ್ಲ. ನಾಳೆ ಪಾಠಾನ ಈಗ ನನಗೆ ಮಾಡಿ. ಹೇಳಿ, ನೀರು ಯಾಕೆ ಕುದಿಯುತ್ತೆ?"

ಆ ದನಿಯ ಮೆದುತನಕ್ಕೆ ಕಲಮಪ್ಪನವರಿಗೆ ಕಣ್ಣು ಒದ್ದೆಯಾಯಿತು. ಗಂಟಲು ಸರಿಮಾಡಿಕೊಂಡರು. ನಗುಮುಖ ತಂದುಕೊಂಡರು. ಒಲೆಗೂ ಬಾಗಿಲಿಗೂ ನಡುವೆ ಓಡಾಡುತ್ತಾ, ಹೆಂಡತಿಯ ಕಣ್ಣನ್ನು ಬಗ್ಗಿ ನೋಡುತ್ತಾ, ಈ ಪಾಠದ ಉದ್ದೇಶವೇನೆಂದು ಹೇಳತೊಡಗಿದರು. ಉದ್ದೇಶದ ಮಹತ್ವಕ್ಕೆ ಬಂದರು. ಹೆಂಡತಿ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಲೇ ಇದ್ದರು. ಪೀಠಿಕೆ ದಿನನಿತ್ಯದ ಬದುಕನ್ನು ತಲುಪಿದಾಗ ಒಲೆಯಿಂದ ಚುರ್ರೆಂದು ಸದ್ದು ಬಂತು. ಹಾಲು ಉಕ್ಕಿ ಹರಿಯುತ್ತಿತ್ತು.

ಹೆಂಡತಿ ಒಲೆ ಆರಿಸಿ ಪಾತ್ರೆ ಇಳಿಸಿದರು. ಕೆಳಗಿಡಲು ಏನಾದರೂ ದಪ್ಪಗಿರುವುದಕ್ಕಾಗಿ ಸುತ್ತ ನೋಡಿದರು. ಗಂಡನ ಕಂಕುಳಿನಿಂದ ಕಡತವನ್ನು ಎಳೆದು, ನಿರ್ದೇಶಕರ ಸಹಿ ಮೇಲೆ ಬರುವಂತೆ ಮೇಜಿನ ಮೇಲಿಟ್ಟು, ಅದರ ಮೇಲೆ ಪಾತ್ರೆ ಇಟ್ಟರು.

"ಐದೇ ಅಂಕ," ಎಂದರು. "ಶಾಲೇಲಿ ಬೋರ್ಡಾದ್ರೂ ಒರೆಸಿದ್ರಿ."